ಶೀಟಿನ ಸೂರು, ಗಾಳಿಯ ಲೆಕ್ಕ

ಮೈಸೂರಿನಿಂದ ಹುಣಸೂರಿನ ಕಡೆಗೆ ಹೊರಟವರಿಗೆ ಇಲವಾಲ ದಾಟಿದ ಮೇಲೆ ಬಿಳಿಕೆರೆ ಸಿಗುತ್ತದೆ. ಅಲ್ಲಿ ದಾರಿ ಕವಲೊಡೆಯುತ್ತದೆ. ನೇರ ಹೋದರೆ ಹುಣಸೂರು, ಪಿರಿಯಾಪಟ್ಟಣ. ಬಲಕ್ಕೆ ತಿರುಗಿದರೆ ಕೆ.ಆರ್. ನಗರ, ಹಾಸನ. ಹಿಂದೆ ಈ ದಾರಿಗಳ ಇಕ್ಕೆಲದಲ್ಲಿ ಕಣ್ಣಿಗೆ ಬೀಳುತ್ತಿದ್ದುದು ಹೆಂಚಿನ ಮನೆಗಳು ಮತ್ತು ಹೊಗೆಸೊಪ್ಪು ಹದ ಮಾಡುವ ಎತ್ತರದ ಬ್ಯಾರನ್‌ಗಳು. ಈಗ ಅವುಗಳ ನಡುವೆ ನೀಲಿ, ಹಸಿರು ಬಣ್ಣದ ಶೀಟಿನ ಶೆಡ್ಡುಗಳು ಎದ್ದಿವೆ. ಟ್ರ್ಯಾಕ್ಟರ್ ರಿಪೇರಿ, ವೆಲ್ಡಿಂಗ್ ಅಂಗಡಿ, ಗೊಬ್ಬರದ ಗೋದಾಮು, ಕೋಳಿ ಫಾರಂ, ಎಲ್ಲಕ್ಕೂ ಅದೇ ಸೂರು. ತಿಂಗಳೊಳಗೆ ಎದ್ದು ನಿಲ್ಲುತ್ತವೆ. ಕೆಲವು ಒಂದೇ ಸಂಜೆಗೆ ಮಲಗಿಬಿಡುತ್ತವೆ.

ಹಾಗೆ ಮಲಗಿದ ಒಂದು ಶೆಡ್ಡು ಬಿಳಿಕೆರೆ ಹೋಬಳಿಯ ಒಬ್ಬ ರೈತರದು. ನಲವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲ. ನಮ್ಮ ಕಡೆಯ ಲೆಕ್ಕದಲ್ಲಿ ಹತ್ತು ಚದರ. ಹೊಗೆಸೊಪ್ಪಿನ ಹರಾಜಿನಲ್ಲಿ ಆ ವರ್ಷ ಕೈಗೆ ಬಂದ ದುಡ್ಡಿನಲ್ಲಿ ಕಟ್ಟಿಸಿದ್ದು. ಬೇಲು ಇಡುವುದಕ್ಕೂ ಆಯಿತು, ಟ್ರ್ಯಾಕ್ಟರ್ ನಿಲ್ಲಿಸುವುದಕ್ಕೂ ಆಯಿತು ಎಂದು ಮೂರು ಕಡೆ ಶೀಟಿನ ಗೋಡೆ ಹಾಕಿಸಿ ಪಡುವಣ ದಿಕ್ಕನ್ನು ತೆರೆದೇ ಬಿಟ್ಟಿದ್ದರು. ಮೇ ತಿಂಗಳ ಒಂದು ಸಂಜೆ ಮಳೆಗೆ ಮೊದಲು ಗಾಳಿ ಬಂತು. ಹತ್ತು ನಿಮಿಷವೂ ಇರಲಿಲ್ಲ. ಸೂರು ಎದ್ದು, ಮಗುಚಿ, ಬೇಲಿಯಾಚೆ ಪಕ್ಕದವರ ಹೊಲದಲ್ಲಿ ಬಿತ್ತು. ಅವರ ಮಗಳು, ಆಗಷ್ಟೇ ಪ್ರಥಮ ಪಿ.ಯು. ಮುಗಿಸಿದ್ದವಳು, ಮನೆಯ ಗಲಾಟೆ ತಪ್ಪಿಸಿಕೊಂಡು ಓದಲು ಕೂರುತ್ತಿದ್ದುದು ಅದೇ ಶೆಡ್ಡಿನಲ್ಲಿ. ಅರ್ಧ ಗಂಟೆ ಮೊದಲು ಕಾಫಿಗೆಂದು ಎದ್ದು ಹೋಗಿದ್ದಳು. ಆ ಅರ್ಧ ಗಂಟೆಯ ಮಾತು ಆ ಮನೆಯಲ್ಲಿ ಇಂದಿಗೂ ಯಾರೂ ಎತ್ತುವುದಿಲ್ಲ.

ಮರುದಿನ ಗುತ್ತಿಗೆದಾರರು ಬಂದರು. ಮೂಲತಃ ವೆಲ್ಡರ್, ಹತ್ತು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು ಆಮೇಲೆ ಸ್ವಂತ ಕೆಲಸ ಹಿಡಿದವರು. ಸುತ್ತಮುತ್ತ ಅವರು ಕಟ್ಟಿದ ಶೆಡ್ಡುಗಳು ಹಲವು ನಿಂತಿವೆ. ‘ಇದು ಗಾಳಿಯಲ್ಲ ಯಜಮಾನ್ರೇ, ಗ್ರಹಚಾರ’ ಎಂದರು. ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. ಮುರಿದ ಪೈಪೊಂದನ್ನು ಎತ್ತಿ ಹಿಡಿದು, ‘ಎರಡು ಎಂ.ಎಂ. ಅಂತ ಹೇಳಿ ತಗಡು ಹಾಕಿದ್ದೀಯ’ ಎಂದು ಕೂಗಾಡಿದರು. ಕರಾರು ಪತ್ರ ತೆಗೆದು ನೋಡಿದರೆ ಅದರಲ್ಲಿ ಇದ್ದುದು ಒಂದೇ ಸಾಲು: ಹತ್ತು ಚದರದ ಶೆಡ್ಡು, ಪೂರ್ತಿ ಕೆಲಸ, ಅಡಿಗೆ ಇಷ್ಟು ರೂಪಾಯಿ. ಪೈಪಿನ ದಪ್ಪ ಎಷ್ಟು, ಗುಂಡಿಯ ಆಳ ಎಷ್ಟು, ಶೀಟು ಯಾವ ಗೇಜಿನದು, ಒಂದೂ ಇಲ್ಲ.

ಜೂನ್‌ನಲ್ಲಿ ಕಾಲೇಜು ತೆರೆದಾಗ ಹುಡುಗಿ ಗೇಣುದ್ದದ ಒಂದು ಪೈಪಿನ ತುಂಡನ್ನು ಪುಸ್ತಕದ ಚೀಲದಲ್ಲಿ ಹಾಕಿಕೊಂಡು ಹುಣಸೂರಿನ ಬಸ್ಸು ಹತ್ತಿದಳು. ಭೌತವಿಜ್ಞಾನದ ಲ್ಯಾಬಿನಲ್ಲಿ ಸ್ಕ್ರೂ ಗೇಜ್ ಇತ್ತು. ಹಿಂದಿನ ವರ್ಷ ಅದರಿಂದ ತಂತಿಯ ವ್ಯಾಸ ಅಳೆದು ರೆಕಾರ್ಡ್ ಬರೆದಿದ್ದಳು. ಅದರಿಂದ ಮನೆಗೆ ಏನಾದರೂ ಉಪಯೋಗವಾದೀತೆಂದು ಆಗ ತೋಚಿರಲಿಲ್ಲ. ಬಣ್ಣ ಕೆರೆದು ಐದು ಕಡೆ ಅಳೆದಳು. ಸರಾಸರಿ 1.6 ಮಿಲಿಮೀಟರ್.

ಈ ದಪ್ಪವನ್ನು ಸ್ಕ್ರೂ ಗೇಜ್ ಇಲ್ಲದೆಯೂ ಹಿಡಿಯಬಹುದು. ಎರಡಿಂಚು ಚೌಕದ ಪೈಪು ಎಂದು ಮಾರುವುದು ಸಾಮಾನ್ಯವಾಗಿ 50 ಮಿ.ಮೀ. ಅಗಲದ್ದು, ಇಪ್ಪತ್ತು ಅಡಿ ಉದ್ದದ್ದು. ದಪ್ಪ 2 ಮಿ.ಮೀ. ಇದ್ದರೆ ಒಂದು ಪೈಪು ಹದಿನೆಂಟು ಕೆ.ಜಿ. ಹತ್ತಿರ ತೂಗಬೇಕು. 1.6 ಆದರೆ ಹದಿನಾಲ್ಕೂವರೆ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.85 ಗ್ರಾಂ ಎಂಬುದು ಗೊತ್ತಿದ್ದರೆ ಹೈಸ್ಕೂಲಿನ ಮಕ್ಕಳೂ ಈ ಲೆಕ್ಕ ಮಾಡಬಲ್ಲರು. ಹೊಗೆಸೊಪ್ಪು ತೂಗುವ ತಕ್ಕಡಿ ಮನೆಯಲ್ಲೇ ಇತ್ತು. ಪೈಪು ಬಂದ ದಿನ ಒಂದನ್ನು ಅದರ ಮೇಲೆ ಇಟ್ಟಿದ್ದರೆ ಸಾಕಿತ್ತು.

ಮೋಸ ಸಿಕ್ಕಿತೆಂದು ಹುಡುಗಿಗೆ ಖುಷಿಯೋ ಖುಷಿ. ಆದರೆ ಉಪನ್ಯಾಸಕಿ ಒಂದು ಪ್ರಶ್ನೆ ಕೇಳಿದರು: ‘ಪೈಪು ತೆಳುವಾಗಿದ್ದದ್ದು ನಿಜ. ಸೂರು ಹಾರಿದ್ದು ಅದರಿಂದಲೇ ಎಂದು ಹೇಗೆ ಹೇಳುತ್ತೀಯ?’

ಹೌದಲ್ಲ! ಅವಳು ಮತ್ತೆ ಲೆಕ್ಕಕ್ಕೆ ಕುಳಿತಳು. ಗಾಳಿ ವಸ್ತುವಿನ ಮೇಲೆ ಹೇರುವ ಒತ್ತಡ ವೇಗದ ವರ್ಗಕ್ಕೆ ಅನುಗುಣ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆಂದೇ ಭಾರತೀಯ ಮಾನಕ ಬ್ಯೂರೋದ ಐ.ಎಸ್. 875 ಸಂಹಿತೆಯ ಮೂರನೇ ಭಾಗವಿದೆ. ಅದು ಮೈಸೂರಿಗೆ ನಿಗದಿ ಮಾಡಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಚಂಡಮಾರುತ ಕಾಣುವ ಚೆನ್ನೈ, ಭುವನೇಶ್ವರಗಳಿಗೆ 50 ಮೀಟರ್; ಅವಕ್ಕೆ ಹೋಲಿಸಿದರೆ ನಮ್ಮದು ಸೌಮ್ಯ ಪ್ರದೇಶವೇ. ಆದರೂ 33 ಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ 650 ನ್ಯೂಟನ್ ದಾಟುತ್ತದೆ. ಮನೆಮಾತಿನಲ್ಲಿ ಹೇಳುವುದಾದರೆ, ಒಂದು ಚದರ ಮೀಟರ್ ಶೀಟಿನ ಮೇಲೆ 66 ಕೆ.ಜಿ. ಭಾರದಷ್ಟು ಬಲ. ಅರ್ಧ ಮಿಲಿಮೀಟರ್ ಶೀಟಿನ ಸ್ವಂತ ತೂಕವೋ, ಅಷ್ಟೇ ಜಾಗಕ್ಕೆ ನಾಲ್ಕೂವರೆ ಕೆ.ಜಿ.

ಈ ಬಲ ಸೂರನ್ನು ಕೆಳಕ್ಕೆ ತಳ್ಳುತ್ತದೆ ಎಂದೇ ನಾವು ತಿಳಿಯುತ್ತೇವೆ. ಆಗುವುದು ಹೆಚ್ಚಾಗಿ ಉಲ್ಟಾ. ಇಳಿಜಾರು ಕಡಿಮೆಯಿರುವ ಸೂರಿನ ಮೇಲೆ ಗಾಳಿ ಹಾಯುವಾಗ ಅಲ್ಲಿ ಒತ್ತಡ ಇಳಿದು ಸೂರು ಮೇಲಕ್ಕೆ ಸೆಳೆಯಲ್ಪಡುತ್ತದೆ. ಒಂದು ಬದಿ ತೆರೆದಿದ್ದರೆ ಒಳನುಗ್ಗಿದ ಗಾಳಿ ಹೊರಹೋಗಲು ದಾರಿ ಕಾಣದೆ ಕೆಳಗಿನಿಂದಲೂ ಒತ್ತುತ್ತದೆ. ಮಳೆಗಾಲದಲ್ಲಿ ಕೊಡೆ ಹಿಡಿದು ಗಾಳಿಗೆ ಎದುರಾಗಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹತ್ತು ಚದರದ ಸೂರೆಂದರೆ 93 ಚದರ ಮೀಟರ್. ಮೇಲಕ್ಕೆಳೆಯುವ ಬಲ ಆರು ಟನ್ನಿನಷ್ಟು. ಕೆಳಕ್ಕೆ ಹಿಡಿಯುವುದು ಯಾವುದು? ಶೀಟು ನಾಲ್ಕು ಕ್ವಿಂಟಲ್ ಚಿಲ್ಲರೆ, ಪೈಪುಗಳೆಲ್ಲ ಸೇರಿ ಎಂಟು ಕ್ವಿಂಟಲ್. ಹತ್ತು ಕಂಬಗಳ ಬುಡಕ್ಕೆ ಸುರಿದಿದ್ದ ಕಾಂಕ್ರೀಟು ಒಂದೂವರೆ ಅಡಿ ಚೌಕ, ಎರಡಡಿ ಆಳ. ಕಂಬಕ್ಕೆ ಮೂರು ಕ್ವಿಂಟಲಿನಂತೆ ಒಟ್ಟು ಮೂರು ಟನ್ನು. ಎಲ್ಲ ಸೇರಿಸಿದರೂ ನಾಲ್ಕೂಕಾಲು ಟನ್ನು ದಾಟದು. ಮಣ್ಣಿನ ಹಿಡಿತವೇನೋ ಇದೆ, ಆದರೆ ಹೊಸದಾಗಿ ತುಂಬಿದ ಮಣ್ಣಿಗೆ ಎಷ್ಟು ಹಿಡಿತ? ಅಷ್ಟಕ್ಕೂ, ಬಿದ್ದ ಶೆಡ್ಡಿನಲ್ಲಿ ಬುಡಸಮೇತ ಎದ್ದಿದ್ದು ಎರಡೇ ಕಂಬ. ಉಳಿದ ಕಡೆ ಶೀಟು ಹೊತ್ತ ಅಡ್ಡ ಪೈಪುಗಳು ಬೆಸುಗೆ ಬಿಟ್ಟು ಎದ್ದಿದ್ದವು. ಪೂರ್ತಿ ಎಳೆಯಬೇಕಾದ ಬೆಸುಗೆಯನ್ನು ಎರಡು ಚುಕ್ಕೆ ಇಟ್ಟು ಮುಗಿಸಿದ್ದರು. ಪೈಪು ಎರಡು ಮಿಲಿಮೀಟರ್ ಇದ್ದಿದ್ದರೆ? ತೂಕ ಹೆಚ್ಚುತ್ತಿದ್ದುದು ಎರಡು ಕ್ವಿಂಟಲ್. ಆ ಬೆಸುಗೆ, ಆ ಬುನಾದಿ ಹಾಗೆಯೇ ಇದ್ದರೆ ಸೂರು ಆಗಲೂ ಹಾರುತ್ತಿತ್ತು.

ಅಪ್ಪ ತಿಂಗಳಿಂದ ಜಗಳವಾಡುತ್ತಿದ್ದುದು ಪೈಪಿಗಾಗಿ. ಸೂರು ಕಿತ್ತಿದ್ದು ಬೆಸುಗೆ, ಬುನಾದಿ ಮತ್ತು ಅವರೇ ಹಟ ಹಿಡಿದು ತೆರೆಸಿದ ಪಡುವಣದ ಬಾಯಿ. ಮಗಳು ಹಾಳೆಯನ್ನು ಅಪ್ಪನ ಮುಂದೆ ಇಟ್ಟಾಗ ಅವರು ಬಹಳ ಹೊತ್ತು ಮಾತಾಡಲಿಲ್ಲವಂತೆ.

ಗುತ್ತಿಗೆದಾರರನ್ನು ಮತ್ತೆ ಕರೆಸಿದರು. ಈ ಸಲ ಕೂಗಾಟವಿರಲಿಲ್ಲ. 1.6 ಎಂಬ ಸಂಖ್ಯೆಯನ್ನು ನೋಡಿ ಆತ ಹೇಳಿದ್ದಿಷ್ಟು: ‘ಅಡಿಗೆ ಇಪ್ಪತ್ತು ರೂಪಾಯಿ ಇಳಿಸಿದ್ರಿ ಯಜಮಾನ್ರೇ. ಎಲ್ಲಿಂದ ಇಳಿಸ್ತೀಯ ಅಂತ ನೀವು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.’ ಹೇಳದೆ ಇದ್ದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಬೆಸುಗೆಯ ತಪ್ಪಂತೂ ಪೂರ್ತಿ ಅವರದೇ. ಅದಕ್ಕೆ ದರದ ನೆಪ ಸಲ್ಲದು. ಆದರೆ ಚೌಕಾಸಿ ಮಾಡಿ ಗೆದ್ದ ಇಪ್ಪತ್ತು ರೂಪಾಯಿ ಯಾವುದೋ ಒಂದು ವಸ್ತುವಿನಿಂದ ಕಳೆದುಹೋಗಲೇಬೇಕು ಎಂಬುದು ಗೆದ್ದವರಿಗೂ ಹೊಳೆಯಬೇಕಿತ್ತು. ಕೊನೆಗೆ ಒಪ್ಪಂದವಾಯಿತು: ಹೊಸ ಸಾಮಾನು ಯಜಮಾನರದು, ಕೂಲಿ ಗುತ್ತಿಗೆದಾರರದು. ಸೊಟ್ಟಗಾಗದ ಶೀಟುಗಳನ್ನು ಮತ್ತೆ ಬಳಸಿದರು.

ಈ ಸುದ್ದಿ ಕೆ.ಆರ್. ನಗರದ ರಸ್ತೆಯಲ್ಲಿ ವರ್ಕ್‌ಶಾಪ್ ಹಾಕಲು ಹೊರಟಿದ್ದ ತಾಯಿ ಮಗನಿಗೂ ಮುಟ್ಟಿತ್ತು. ಮಗ ಐ.ಟಿ.ಐ. ಓದಿ, ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ನಾಲ್ಕು ವರ್ಷ ದುಡಿದು ಊರಿಗೆ ಮರಳಿದ್ದವನು. ತಾಯಿ ಒಡವೆ ಅಡವಿಟ್ಟಿದ್ದರು. ಜನ ಬೇಡವೆಂದರೂ ಆಕೆ ಅದೇ ಗುತ್ತಿಗೆದಾರರನ್ನು ಕರೆಸಿದರು. ‘ಒಂದ್ಸಲ ಬಿದ್ದೋನಿಗೆ ಬುದ್ಧಿ ಇರತ್ತೆ, ಬಿಡಪ್ಪ’ ಎಂದರಂತೆ. ಆದರೆ ಕರಾರು ಮಾತ್ರ ಅಡಿ ಲೆಕ್ಕದ್ದಲ್ಲ, ಕೆ.ಜಿ. ಲೆಕ್ಕದ್ದು. ಲಾರಿ ಖಾಲಿಯಾಗಿ ಒಂದು ಸಲ, ತುಂಬಿ ಒಂದು ಸಲ ವೇಬ್ರಿಜ್ ಹತ್ತಬೇಕು. ಚೀಟಿ ತಾಯಿಯ ಕೈಗೆ ಬರಬೇಕು.

ಕೆ.ಜಿ. ಲೆಕ್ಕದಲ್ಲೂ ಒಂದು ತೊಡಕಿದೆ. ಅಡಿ ಲೆಕ್ಕದಲ್ಲಿ ಪೈಪು ತೆಳುವಾಗುತ್ತದೆ, ಕೆ.ಜಿ. ಲೆಕ್ಕದಲ್ಲಿ ಬೇಡದ ಕಡೆಯೂ ದಪ್ಪವಾಗುತ್ತದೆ! ಹುಡುಗ ಕಾರ್ಖಾನೆ ಕಂಡವನು. ಮೊದಲೇ ನಕ್ಷೆ ಬರೆಸಿ, ಯಾವ ಪೈಪು ಎಷ್ಟು ಎಂದು ಎಣಿಸಿಟ್ಟಿದ್ದ. ಗುಂಡಿ ನಾಲ್ಕಡಿ ಆಳ ತೆಗೆಸಿದ. ಬುಡದಲ್ಲಿ ಬೇಸ್ ಪ್ಲೇಟು, ಕಾಂಕ್ರೀಟಿನೊಳಗೆ ಹೂತ ಬೋಲ್ಟು. ಶೀಟನ್ನು ಮೂಡಣದ ತುದಿಯಿಂದ ಹೊದಿಸಿಕೊಂಡು ಬಂದರು, ಮುಂಗಾರಿನ ಪಡುವಣ ಗಾಳಿ ಶೀಟುಗಳ ಸಂದಿಗೆ ನುಗ್ಗದಿರಲೆಂದು.

ಅಂಕುಡೊಂಕಿನ ಈ ಶೀಟಿಗೆ ಸುಮಾರು ಇನ್ನೂರು ವರ್ಷದ ಚರಿತ್ರೆಯಿದೆ. 1829ರಲ್ಲಿ ಹೆನ್ರಿ ರಾಬಿನ್ಸನ್ ಪಾಮರ್ ಎಂಬ ಇಂಗ್ಲಿಷ್ ಎಂಜಿನಿಯರ್ ಇದಕ್ಕೆ ಪೇಟೆಂಟ್ ಪಡೆದರು. ಒಂದು ಹಾಳೆಯನ್ನು ಎರಡು ಲೋಟಗಳ ನಡುವೆ ಸೇತುವೆಯಂತೆ ಇಟ್ಟರೆ ಜೋತುಬೀಳುತ್ತದೆ. ಅದನ್ನೇ ಬೀಸಣಿಗೆಯಂತೆ ಮಡಿಚಿ ಇಟ್ಟರೆ ಪೆನ್ನು, ರಬ್ಬರು ಹೊರುತ್ತದೆ. ಮನೆಯಲ್ಲಿ ಮಾಡಿ ನೋಡಬಹುದು. 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಕಬ್ಬಿಣಕ್ಕೆ ಕರಗಿದ ಸತುವಿನ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಲೋಹದ ಕಟ್ಟಡ ಮೈಸೂರಿಗೂ ಹೊಸದಲ್ಲ. 1897ರಲ್ಲಿ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ 1912ರಲ್ಲಿ ಮುಗಿದ ಈಗಿನ ಅರಮನೆಯ ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದವು. ದಸರೆಗೆ ಹೋದವರು ಬಣ್ಣ ನೋಡಿ ಮುಂದೆ ಹೋಗುತ್ತಾರೆ; ಒಮ್ಮೆ ಬೆರಳಿನಲ್ಲಿ ತಟ್ಟಿ ನೋಡಬೇಕೆನಿಸಿದರೂ ಕಾವಲಿನವರು ಬಿಡಲಿಕ್ಕಿಲ್ಲ.

ಅದಿರಲಿ. ವರ್ಕ್‌ಶಾಪಿನಲ್ಲಿ ಒಂದು ವಿಷಯಕ್ಕೆ ಮಾತ್ರ ಗುತ್ತಿಗೆದಾರರಿಗೂ ಹುಡುಗನಿಗೂ ವಾದ ನಡೆಯಿತು. ಸತುವಿನ ಲೇಪವಿರುವ ಪೈಪನ್ನು ಬೆಸೆಯುವಾಗ ಬಿಳಿ ಹೊಗೆ ಏಳುತ್ತದೆ. ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ವೆಲ್ಡಿಂಗ್ ಕಿಡಿಯ ಶಾಖ ಸಾವಿರಾರು ಡಿಗ್ರಿ. ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ. ‘ಹಾಲು ಕುಡಿದರೆ ಸರಿಹೋಗುತ್ತೆ’ ಎಂಬುದು ವೆಲ್ಡರುಗಳ ಹಳೆಯ ನಂಬಿಕೆ, ಗುತ್ತಿಗೆದಾರರದೂ ಅದೇ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ ಎಂದ ಹುಡುಗ. ಬೆಸೆಯುವ ಜಾಗದಲ್ಲಿ ಲೇಪ ಉಜ್ಜಿ ತೆಗೆಸಿ, ಗಾಳಿಗೆ ಬೆನ್ನು ಕೊಟ್ಟು ಕೂರಿಸಿ, ಆಮೇಲೆ ಬೆಸುಗೆಯ ಮೇಲೆ ಸತುವಿನ ಬಣ್ಣ ಬಳಿಸಿದ. ಕೆಲಸದವರು ಹಾಲನ್ನೂ ಬಿಡಲಿಲ್ಲ, ತಾಯಿ ಕೊಡುವುದನ್ನೂ ನಿಲ್ಲಿಸಲಿಲ್ಲ.

ಖರ್ಚು ಅಂದಾಜಿಗಿಂತ ಹೆಚ್ಚಾಯಿತು. ಒಂದು ಬದಿಯ ಗೋಡೆಗೆ ಆ ವರ್ಷ ಹಳೆಯ ಟಾರ್ಪಾಲು ಕಟ್ಟಿಕೊಂಡೇ ಅಂಗಡಿ ತೆರೆದರು. ಒಡವೆ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಎರಡು ಮೇ ತಿಂಗಳುಗಳು ಬಂದುಹೋದವು; ಟಾರ್ಪಾಲು ಹರಿಯಿತು, ಸೂರು ಕದಲಲಿಲ್ಲ. ಅತ್ತ ರೈತರ ಶೆಡ್ಡಿಗೆ ಈಗ ಪಡುವಣದಲ್ಲಿ ಷಟರ್ ಬಂದಿದೆ. ಮಗಳು ಅಲ್ಲಿ ಕೂತು ಓದಿ ದ್ವಿತೀಯ ಪಿ.ಯು. ಮುಗಿಸಿದಳು.

ಆ ಗುತ್ತಿಗೆದಾರರ ಬೈಕಿನ ಡಿಕ್ಕಿಯಲ್ಲಿ ಈಗ ಎರಡು ಪೈಪಿನ ತುಂಡುಗಳಿರುತ್ತವೆ, ಒಂದು 1.6, ಇನ್ನೊಂದು 2. ಹೊಸ ಗಿರಾಕಿ ಸಿಕ್ಕಿದಾಗ ಎರಡನ್ನೂ ಅವರ ಅಂಗೈಯಲ್ಲಿಟ್ಟು ದರ ಹೇಳುತ್ತಾರೆ. ಗಿರಾಕಿಗಳು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಡುತ್ತಾರೆ. ‘ಅದೆಲ್ಲಾ ಸರಿ, ಅಡಿಗೆ ಎಷ್ಟು ಬಿಡ್ತೀರಿ?’ ಎಂದು ಕೇಳುವವರೇ ಇನ್ನೂ ಹೆಚ್ಚು.