ಪಾಯಿಂಟ್ ನೋಡಿ ಕೋಣೆ ಹಿಡಿಯುವವರು

ಮಣಿಪಾಲ, ಟೈಗರ್ ಸರ್ಕಲ್

ಉಡುಪಿಯಲ್ಲಿ ಇರುವವರಿಗೆ ದೂರದ ನೆಂಟರಿಂದ, ಗೆಳೆಯರಿಂದ ಒಂದು ಫೋನ್ ಬರುತ್ತಲೇ ಇರುತ್ತದೆ: ಮುಂದಿನ ವಾರ ಬರುತ್ತಿದ್ದೇವೆ, ಉಳಿಯಲು ಒಳ್ಳೆಯ ಜಾಗ ಯಾವುದು? ಮೊದಲೆಲ್ಲ ಈ ಪ್ರಶ್ನೆಯ ಬೆನ್ನಿಗೆ ಬರುತ್ತಿದ್ದದ್ದು ಬಿಸಿನೀರು ಉಂಟಾ, ಮಠಕ್ಕೆ ನಡೆದು ಹೋಗಬಹುದಾ, ಬಸ್‌ಸ್ಟ್ಯಾಂಡ್ ಹತ್ತಿರವಾ ಎಂಬ ಮಾತುಗಳು. ಈಗ ಹೊಸದೊಂದು ಸೇರಿದೆ. ‘ನಮ್ಮ ಕಾರ್ಡ್ ನಡೆಯುವ ಹೋಟೆಲ್ ಅಲ್ಲಿ ಯಾವುದು?’

ಕಾರ್ಡ್ ಎಂದರೆ ದುಡ್ಡಿನ ಕಾರ್ಡ್ ಅಲ್ಲ, ಹೋಟೆಲ್ ಕಂಪೆನಿಯ ಮೆಂಬರ್‌ಶಿಪ್. ಅವರದೇ ಹೋಟೆಲುಗಳಲ್ಲಿ ಮತ್ತೆ ಮತ್ತೆ ಉಳಿದರೆ ಪಾಯಿಂಟ್ ಕೂಡುತ್ತದೆ, ಬೆಳ್ಳಿ, ಚಿನ್ನ, ಪ್ಲಾಟಿನಮ್ ಎಂದು ಮೆಟ್ಟಿಲು ಏರುತ್ತದೆ. ಏರಿದವರಿಗೆ ಬೆಳಗಿನ ತಿಂಡಿ, ದೊಡ್ಡ ಕೋಣೆ, ಪಾಯಿಂಟ್ ತುಂಬಿದಾಗ ಒಂದು ರಾತ್ರಿ ಪುಕ್ಕಟೆ. ಇದರಲ್ಲಿ ತಪ್ಪೇನೂ ಇಲ್ಲ. ನನಗೆ ಅರ್ಥವಾಗದೇ ಇರುವುದು ಮನುಷ್ಯನ ಕೆಲಸ ಇರುವುದು ಒಂದು ಕಡೆ, ಕಾರ್ಡ್ ಅವನನ್ನು ಎಳೆಯುವುದು ಇನ್ನೊಂದು ಕಡೆ ಆದಾಗ ಅವನು ಕಾರ್ಡಿನ ಹಿಂದೆ ಹೋಗುವುದು. ಅದಕ್ಕಾಗಿ ಆಗಾಗ ಬರೆದಿಟ್ಟ ಟಿಪ್ಪಣಿಗಳು ಇವು.

ಒಂದೇ ಬೋರ್ಡು, ಎರಡು ಖಾತೆ

ಮಣಿಪಾಲದಲ್ಲಿ ‘ಕಂಟ್ರಿ ಇನ್ ಆಂಡ್ ಸೂಟ್ಸ್ ಬೈ ರ‍್ಯಾಡಿಸನ್’ ಇದೆ. ಈ ಹೆಸರು ಹುಟ್ಟಿದ್ದು 1980ರ ದಶಕದಲ್ಲಿ, ಅಮೆರಿಕದ ಮಿನ್ನೆಸೋಟಾದಲ್ಲಿ. ಅಲ್ಲಿ ನೆಲೆಸಿದ ನಮ್ಮ ಜಿಲ್ಲೆಯ ಕುಟುಂಬಗಳಿಗೆ ಹೆದ್ದಾರಿ ಪಕ್ಕದಲ್ಲಿ ಕಂಡು ಪರಿಚಯವಾದ ಬೋರ್ಡು. ಆದರೆ 2022ರಲ್ಲಿ ಅಮೆರಿಕ ಖಂಡದ ರ‍್ಯಾಡಿಸನ್ ವ್ಯವಹಾರವನ್ನೆಲ್ಲ ಚಾಯ್ಸ್ ಹೋಟೆಲ್ಸ್ ಎಂಬ ಬೇರೆ ಕಂಪೆನಿ ಕೊಂಡುಕೊಂಡಿತು. ಮರುವರ್ಷ ಅಲ್ಲಿನ ಸದಸ್ಯರ ಪಾಯಿಂಟುಗಳೂ ಚಾಯ್ಸ್‌ನ ಖಾತೆಗೆ ಹೋದವು. ಭಾರತದ ಹೋಟೆಲುಗಳು ಮಾತ್ರ ಹಳೆಯ ರ‍್ಯಾಡಿಸನ್ ಗುಂಪಿನಲ್ಲೇ ಉಳಿದವು. ಹಾಗಾಗಿ ಶಿಕಾಗೋದ ಕಂಟ್ರಿ ಇನ್‌ನಲ್ಲಿ ಮಲಗಿದ ರಾತ್ರಿ ಒಂದು ಲೆಕ್ಕಕ್ಕೆ, ಮಣಿಪಾಲದ ಕಂಟ್ರಿ ಇನ್‌ನಲ್ಲಿ ಮಲಗಿದ ರಾತ್ರಿ ಇನ್ನೊಂದು ಲೆಕ್ಕಕ್ಕೆ. ಬೋರ್ಡು ಅದೇ, ಹೆಸರು ಅದೇ.

ಇನ್ನೊಂದು. ಮಣಿಪಾಲದ ‘ಫಾರ್ಚೂನ್ ಇನ್ ವ್ಯಾಲಿ ವ್ಯೂ’ ಐಟಿಸಿ ಬಳಗದ್ದು. ಬೆಂಗಳೂರಿನ ಐಟಿಸಿ ಗಾರ್ಡೇನಿಯಾವೂ ಅದೇ ಬಳಗದ್ದು. ಗಾರ್ಡೇನಿಯಾ ಮ್ಯಾರಿಯಟ್‌ನ ‘ಲಕ್ಷುರಿ ಕಲೆಕ್ಷನ್’ ಪಟ್ಟಿಯಲ್ಲಿಯೂ ಇರುವುದರಿಂದ ಅಲ್ಲಿ ಮ್ಯಾರಿಯಟ್ ಸದಸ್ಯರಿಗೆ ಪಾಯಿಂಟ್ ಉಂಟು. ಫಾರ್ಚೂನ್ ಆ ಪಟ್ಟಿಯಲ್ಲಿ ಇಲ್ಲ. ಬೆಂಗಳೂರಿನಲ್ಲಿ ನಡೆದದ್ದು ಮಣಿಪಾಲದಲ್ಲೂ ನಡೆದೀತು ಎಂದು ಎಣಿಸಿ ಬರುವವರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಬುಕ್ ಮಾಡುವ ದಾರಿಯೂ ಮುಖ್ಯ. ಪ್ರವಾಸದ ಆ್ಯಪ್‌ಗಳ ಮೂಲಕ ಕಡಿಮೆ ದರಕ್ಕೆ ಕೋಣೆ ಹಿಡಿದರೆ ದೊಡ್ಡ ಕಂಪೆನಿಗಳು ಸಾಮಾನ್ಯವಾಗಿ ಪಾಯಿಂಟ್ ಕೊಡುವುದಿಲ್ಲ, ರಾತ್ರಿಯನ್ನು ಎಣಿಸುವುದೂ ಇಲ್ಲ. ಅವರಿಗೆ ಬೇಕಾದದ್ದು ನೀವು ನೇರವಾಗಿ ಅವರ ಬಾಗಿಲಿಗೇ ಬರುವುದು. ಆ್ಯಪ್‌ನವರಿಗೆ ಕೊಡಬೇಕಾದ ಕಮಿಷನ್ ಉಳಿಯುತ್ತದೆ. ಪಾಯಿಂಟಿನ ಹಿಂದಿನ ದೊಡ್ಡ ಕಾರಣಗಳಲ್ಲಿ ಇದೊಂದು.

ಹೆಜಮಾಡಿ ಟೋಲ್

ನೆಂಟರ ಪೈಕಿ ಒಬ್ಬ ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ತಿಂಗಳಲ್ಲಿ ಅರ್ಧದಷ್ಟು ದಿನ ಊರೂರು ಸುತ್ತುವ ಕೆಲಸ. ಡಿಸೆಂಬರ್ ಮೊದಲ ವಾರ ಉಡುಪಿಯಲ್ಲಿ ಮನೆಯದೇ ಮದುವೆ. ಅವನು ಉಳಿದದ್ದು ಮಂಗಳೂರಿನಲ್ಲಿ.

‘ಮನೆಯಲ್ಲೇ ಕೋಣೆ ಉಂಟಲ್ಲ ಮಾರಾಯ, ಅಷ್ಟು ದೂರ ಎಂತಕ್ಕೆ?’ ಎಂದೆ.

‘ಇನ್ನು ಎರಡೇ ರಾತ್ರಿ ಬೇಕಿತ್ತು ಮಾವ. ಡಿಸೆಂಬರ್ ಮುಗಿದರೆ ಮತ್ತೆ ಸೊನ್ನೆಯಿಂದ ಶುರು.’

ಅವನ ಬಳಿಯಿದ್ದ ಹೋಟೆಲ್ ಕಾರ್ಡಿನಲ್ಲಿ ವರ್ಷಕ್ಕೆ 50 ರಾತ್ರಿ ತುಂಬಿದರೆ ಮೇಲಿನ ಮೆಟ್ಟಿಲು. ಅದು ಸಿಕ್ಕರೆ ಮುಂದಿನ ವರ್ಷ ಬೆಳಗಿನ ತಿಂಡಿ ಪುಕ್ಕಟೆ, ಸಂಜೆ 4ರವರೆಗೆ ಕೋಣೆ ಬಿಡದೆ ಇರಬಹುದು.

ಕೂತು ಲೆಕ್ಕ ಹಾಕಿದೆವು. ಕೋಣೆ ರಾತ್ರಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳಿ. ತೆರಿಗೆಗೆ ಪಾಯಿಂಟ್ ಇಲ್ಲ. ಡಾಲರಿಗೆ 10 ಪಾಯಿಂಟ್ ಲೆಕ್ಕದಲ್ಲಿ ಸುಮಾರು 700 ಪಾಯಿಂಟ್. ಒಂದು ಪಾಯಿಂಟಿಗೆ ಅರ್ಧ ರೂಪಾಯಿಯಿಂದ ಮುಕ್ಕಾಲು ರೂಪಾಯಿ ಎಂದು ಹಿಡಿದರೆ 350ರಿಂದ 525 ರೂಪಾಯಿ. ಮಂಗಳೂರು–ಉಡುಪಿ ಸುಮಾರು 60 ಕಿಲೋಮೀಟರ್, ಹೋಗಿ ಬಂದರೆ 120. ಕಾರಿಗೆ ಎಂಟು ಲೀಟರ್ ಪೆಟ್ರೋಲ್ ಆದರೂ ಬೇಕು. ಹೆಜಮಾಡಿಯ ಟೋಲ್ ಬೇರೆ. ಪಾಯಿಂಟಿನಲ್ಲಿ ಬಂದದ್ದು ಪೆಟ್ರೋಲಿಗೂ ಸಾಲಲಿಲ್ಲ.

ಹುಡುಗನಿಗೆ ಲೆಕ್ಕ ಗೊತ್ತಿತ್ತು. ನನಗಿಂತ ಚೆನ್ನಾಗಿಯೇ ಗೊತ್ತಿತ್ತು. ಆದರೂ ಹೋದ. ಮೆಹೆಂದಿಯ ರಾತ್ರಿ ಎಲ್ಲರೂ ಚಾಪೆ ಹಾಸಿ ಹಾಲ್‌ನಲ್ಲಿ ಮಾತಾಡುತ್ತ ಕೂತಿದ್ದಾಗ ಅವನು ಹತ್ತು ಗಂಟೆಗೇ ಎದ್ದು ಹೊರಟ. ಅವನ ಅಜ್ಜಿ ಗೇಟಿನವರೆಗೂ ಹೋಗಿ ‘ನಾಳೆ ಬೇಗ ಬಾ ಮಗಾ’ ಎಂದರು. ಲೆಕ್ಕ ಬಲ್ಲವನನ್ನೂ ಹೀಗೆ ಎಬ್ಬಿಸಿ ಕಳಿಸುವ ಶಕ್ತಿ ಆ ಮೆಟ್ಟಿಲಿಗೆ ಎಲ್ಲಿಂದ ಬಂತು ಎಂಬುದು ನನ್ನ ನಿಜವಾದ ಬೆರಗು.

ಪಿಗ್ಮಿಯ ಊರಿನಲ್ಲಿ

ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಮೈಲಿ ಎಣಿಸುವ ಯೋಜನೆ ತಂದಿತು. 1983ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್ ಅದೇ ದಾರಿ ಹಿಡಿದವು. ಚಿಲ್ಲರೆ ಚಿಲ್ಲರೆಯಾಗಿ ಕೂಡಿಸುವ ಅಭ್ಯಾಸ ಮಾತ್ರ ಉಡುಪಿಗೆ ಅದಕ್ಕಿಂತ ಅರ್ಧ ಶತಮಾನ ಹಳೆಯದು. 1925ರಲ್ಲಿ ಇಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಡಿಪಾಸಿಟ್ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟರು ಅಂಗಡಿಗೆ, ಮನೆಗೆ ಬಂದು ಪಡೆದುಕೊಂಡು ಬರೆದುಕೊಡುತ್ತಿದ್ದರು.

ಪಾಯಿಂಟಿನ ಆ್ಯಪ್ ತೆರೆದು ನೋಡುವವರ ಕಣ್ಣಿನಲ್ಲಿ ನನಗೆ ಪಿಗ್ಮಿ ಪುಸ್ತಕ ತಿರುವುವ ಅಂಗಡಿಯವರ ಅದೇ ತೃಪ್ತಿ ಕಾಣುತ್ತದೆ. ಆದರೆ ಪಿಗ್ಮಿಯಲ್ಲಿ ಕೂಡಿದ್ದು ಕಟ್ಟಿದವರ ದುಡ್ಡು. ಎರಡಾಣೆ ಎಂದು ಬರೆದದ್ದನ್ನು ಬ್ಯಾಂಕು ಮರುದಿನ ಒಂದೂವರೆ ಆಣೆ ಎನ್ನುವಂತಿರಲಿಲ್ಲ. ಪಾಯಿಂಟಿನ ಬೆಲೆಯನ್ನು ಕಂಪೆನಿ ಬೇಕಾದಾಗ ಬದಲಿಸಬಹುದು, ಹಾಗೆಂದು ನಿಯಮದಲ್ಲೇ ಬರೆದಿರುತ್ತದೆ. ಯಾವ ಹೋಟೆಲಿಗೆ ಎಷ್ಟು ಪಾಯಿಂಟ್ ಎಂಬ ಸ್ಥಿರ ಪಟ್ಟಿಯನ್ನು ಮ್ಯಾರಿಯಟ್ 2022ರಲ್ಲಿ ಕೈಬಿಟ್ಟಿತು. ಈಗ ಬೇಡಿಕೆ ಏರಿದ ದಿನ ಪಾಯಿಂಟಿನ ದರವೂ ಏರುತ್ತದೆ. ಎರಡು ವರ್ಷ ಖಾತೆಯಲ್ಲಿ ಏನೂ ಅಲುಗಾಡದಿದ್ದರೆ ಕೂಡಿಸಿದ್ದೆಲ್ಲ ಹೋಗುತ್ತದೆ. ಟಾಟಾ ಬಳಗದ ನ್ಯೂಕಾಯಿನ್ ಬೆಲೆಯ ವಿಷಯದಲ್ಲಿ ಸರಳ: ಒಂದು ಕಾಯಿನ್ ಎಂದರೆ ಒಂದು ರೂಪಾಯಿ. ತಾಜ್, ವಿವಾಂತದಂಥ ಹೋಟೆಲುಗಳಿಗೆ ಹೋಗುವವರಿಗೆ ಲೆಕ್ಕ ತಿಳಿಯುವುದು ಸುಲಭ. ಹೀಗೆ ರೂಪಾಯಿಯಲ್ಲಿ ಹೇಳುವ ಯೋಜನೆಯೇ ಮೇಲು ಎಂದು ನನ್ನ ಅಭಿಪ್ರಾಯ.

ಸರ್ವಿಸ್ ಬಸ್‌ಸ್ಟ್ಯಾಂಡ್, ಬೆಳಗಿನ ಜಾವ

ಬೆಂಗಳೂರಿನಿಂದ ರಾತ್ರಿ ಬಸ್ಸುಗಳು ಬಂದು ನಿಲ್ಲುವುದು ಬೆಳಗಿನ ಆರರ ಸುಮಾರಿಗೆ. ದೊಡ್ಡ ಬ್ರ್ಯಾಂಡಿನ ಹೋಟೆಲುಗಳಲ್ಲಿ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ, ಬಿಡಬೇಕಾದ್ದು ಮರುದಿನ ಹನ್ನೆರಡಕ್ಕೆ. ಬಸ್ಸಿಳಿದವರಿಗೆ ಎಂಟು ಗಂಟೆ ಕಾಯುವ ಕೆಲಸ.

ಉಡುಪಿಯ ಎಷ್ಟೋ ಸಾಧಾರಣ ಲಾಡ್ಜ್‌ಗಳ ಕೌಂಟರಿನ ಹಿಂದೆ ಗೋಡೆಯಲ್ಲಿ ‘24 ಗಂಟೆ ಚೆಕ್‌ಔಟ್’ ಎಂಬ ಬರಹ ಇರುತ್ತದೆ. ಬೆಳಿಗ್ಗೆ ಆರಕ್ಕೆ ಬಂದರೆ ಮರುದಿನ ಬೆಳಿಗ್ಗೆ ಆರರವರೆಗೆ ಕೋಣೆ ನಿಮ್ಮದು. ಅಲ್ಲಿ ಹೊತ್ತಿನ ಸವಲತ್ತು ಸಿಗಲು ವರ್ಷಕ್ಕೆ 50 ರಾತ್ರಿ ಉಳಿಯಬೇಕು, ಇಲ್ಲಿ ಮೊದಲ ಸಲ ಮೆಟ್ಟಿಲು ಹತ್ತಿದ ಅಪರಿಚಿತನಿಗೂ ಬಂದ ಗಳಿಗೆಯಿಂದಲೇ ಕೋಣೆ ಉಂಟು. ಬಸ್ಸಿನಲ್ಲಿ ಬರುವವರಿಗೆ ಈ ಒಂದು ಸಾಲು ಯಾವ ಚಿನ್ನದ ಕಾರ್ಡಿಗಿಂತಲೂ ಉಪಯೋಗದ್ದು. ಕಾರ್ಡಿನವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಜಿಎಸ್‌ಟಿಯ ಮಾತು ಇಲ್ಲೇ ಬರೆದುಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇಕಡಾ 5, ಅದಕ್ಕೆ ಮೇಲ್ಪಟ್ಟರೆ 18. ನೂರಿನ್ನೂರು ರೂಪಾಯಿ ಹೆಚ್ಚಿನ ಕೋಣೆ ಹಿಡಿದು ಆ ಗೆರೆ ದಾಟಿದರೆ ತೆರಿಗೆಯೇ ಸಾವಿರ ದಾಟುತ್ತದೆ. ಪಾಯಿಂಟ್ ನೋಡುವ ಮೊದಲು ಇದನ್ನು ನೋಡಬೇಕು.

ಕಾಪು

ಕಡಲ ಕರೆಯಲ್ಲಿ ಕೋಣೆ ಬೇಕು ಎನ್ನುವವರಿಗೆ ಕಾಪು. 1901ರ ದೀಪಸ್ತಂಭ, ಬಂಡೆ, ತೆರೆ. ರೆಸಾರ್ಟು, ಹೋಮ್‌ಸ್ಟೇಗಳಲ್ಲಿ ಹೆಚ್ಚಿನವು ಸ್ಥಳೀಯರವು, ಕಾರ್ಡಿನ ಮಾತು ಬರುವುದಿಲ್ಲ. ಮಣಿಪಾಲದಲ್ಲಿ ಕೆಲಸ ಇಟ್ಟುಕೊಂಡವರು ಮಾತ್ರ ಕಟಪಾಡಿ ದಾಟಿ ದಿನವೂ ಹೋಗಿ ಬರುವ ಸಮಯವನ್ನು ಮರೆಯಬಾರದು. ಮಾರಿಪೂಜೆಯ ದಿನಗಳಲ್ಲಿ ಹೆದ್ದಾರಿ ಹೇಗಿರುತ್ತದೆ ಎಂದು ಊರಿನವರನ್ನು ಕೇಳಿ.

ಜನವರಿ

ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ, ಉಡುಪಿಯ ಮಠದಲ್ಲಿ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯ. ಹಿಂದಿನ ರಾತ್ರಿ ಜೋಡುಕಟ್ಟೆಯಿಂದ ರಥಬೀದಿಯವರೆಗೆ ಕಾಲಿಡಲು ಜಾಗ ಇರುವುದಿಲ್ಲ. ಅದೇ ತಿಂಗಳ ಕೊನೆಯ ಭಾಗದಲ್ಲಿ ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಬಸಿಲಿಕಾದ ಹಬ್ಬ. ಮಣಿಪಾಲದ ಘಟಿಕೋತ್ಸವದ ದಿನಗಳೂ ಹೀಗೆಯೇ, ತಂದೆ ತಾಯಂದಿರಿಂದ ಊರೆಲ್ಲ ತುಂಬಿರುತ್ತದೆ.

ಪಾಯಿಂಟ್ ಕೂಡಿಸಿದವರು ಅದನ್ನು ಖರ್ಚು ಮಾಡಬೇಕೆಂದು ಬಯಸುವುದು ಇಂಥ ದಿನಗಳಲ್ಲೇ, ಸಿಗದೇ ಇರುವುದೂ ಇಂಥ ದಿನಗಳಲ್ಲೇ. ಇದರ ಹಿಂದೆ ಒಂದು ಲೆಕ್ಕವಿದೆ. ಹೋಟೆಲ್ ಕಟ್ಟಡದ ಮಾಲೀಕರು ಒಬ್ಬರು, ಹೆಸರು ಕೊಟ್ಟ ಕಂಪೆನಿ ಇನ್ನೊಂದು. ಸದಸ್ಯರೊಬ್ಬರು ಉಳಿದಾಗಲೆಲ್ಲ ಮಾಲೀಕರು ಯೋಜನೆಗೆ ಒಂದು ಪಾಲು ಕಟ್ಟುತ್ತಾರೆ. ಪುಕ್ಕಟೆ ರಾತ್ರಿಗೆ ಬಂದವರ ಬದಲಿಗೆ ಕಂಪೆನಿ ಮಾಲೀಕರಿಗೆ ದುಡ್ಡು ಕೊಡುತ್ತದೆ, ಆದರೆ ಹೋಟೆಲ್ ತುಂಬಿಲ್ಲದ ದಿನ ಅದು ಬಲು ಕಡಿಮೆ. ಹೋಟೆಲ್ ಹೆಚ್ಚುಕಡಿಮೆ ಭರ್ತಿಯಾದ ದಿನ ಮಾತ್ರ ಪೂರ್ತಿ ದರದ ಹತ್ತಿರಕ್ಕೆ ಬರುತ್ತದೆ. ನಗದು ಗಿರಾಕಿ ಸಾಲುಗಟ್ಟಿ ನಿಂತ ದಿನ ಯಾವ ಮಾಲೀಕರಿಗೂ ಪುಕ್ಕಟೆ ಕೋಣೆ ತೆರೆದಿಡುವ ಉತ್ಸಾಹ ಇರುವುದಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಇಂಥದೇ ಜನಜಂಗುಳಿಯ ದಿನಗಳು ಮುಂದೆಯೂ ಇವೆ: ಕಾರ್ಕಳದ ಬಾಹುಬಲಿಗೆ ಮುಂದಿನ ಮಹಾಮಸ್ತಕಾಭಿಷೇಕ 2015ರಿಂದ ಹನ್ನೆರಡನೆಯ ವರ್ಷಕ್ಕೆ, ಅಂದರೆ 2027ಕ್ಕೆ. ಬರುವವರು ಪಾಯಿಂಟ್ ನಂಬಿ ಕೂರದೆ ಪರಿಚಯದವರಿಗೆ ಈಗಲೇ ಒಂದು ಮಾತು ಹೇಳಿಡಲಿ.

ಯಾರ ದುಡ್ಡು, ಯಾರ ಪಾಯಿಂಟ್

ಮೇಲಿನ ಮೆಟ್ಟಿಲು ಏರಿದವರನ್ನು ಮಾತಾಡಿಸಿದರೆ ಹೆಚ್ಚಿನವರು ಕಚೇರಿಯ ಖರ್ಚಿನಲ್ಲಿ ಓಡಾಡುವವರು. ಬಿಲ್ಲು ಕಂಪೆನಿಯದು, ಪಾಯಿಂಟ್ ನೌಕರನದು. ಮನೆ ಬಿಟ್ಟು ತಿಂಗಳುಗಟ್ಟಲೆ ತಿರುಗುವವರಿಗೆ ಅಷ್ಟಾದರೂ ಸಿಗಲಿ ಎನ್ನುವುದು ನ್ಯಾಯವೇ. ಆದರೆ ಸ್ವಂತ ದುಡ್ಡು ಕೊಟ್ಟು ವರ್ಷಕ್ಕೆ 50 ರಾತ್ರಿ ಉಳಿಯಬಲ್ಲ ಸಾಮಾನ್ಯ ಮನುಷ್ಯ ಯಾರು? ನಿಷ್ಠೆಗೆ ಬಹುಮಾನ ಎನ್ನುತ್ತಾರೆ. ಬೇರೆಯವರ ದುಡ್ಡಿನಲ್ಲಿ ತೋರಿಸಿದ ನಿಷ್ಠೆಗೇ ದೊಡ್ಡ ಬಹುಮಾನ ಏಕೆ?

ನಮ್ಮ ಕಡೆಯವರು ಹೋಟೆಲ್ ನಡೆಸಿದ ರೀತಿ ನೆನಪಾಗುತ್ತದೆ. ಕಾರ್ಕಳದಿಂದ ಹೆಚ್ಚು ದೂರವಿಲ್ಲದ ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದ್ರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ ಬಂತು. ಊರು ಬಿಟ್ಟು ಹೋದವರು ಅಲ್ಲಿಗೆ ಹೋದದ್ದು ಅನ್ನದ ರುಚಿಗೆ, ಶುಚಿಗೆ, ನಮ್ಮವರು ಇದ್ದಾರೆ ಎಂಬ ಧೈರ್ಯಕ್ಕೆ. ಯಾರೂ ಎಣಿಸಿಡಲಿಲ್ಲ, ಮೂರು ತಲೆಮಾರು ಹೋಗುತ್ತಲೇ ಇದ್ದಾರೆ.

ಆಸ್ಪತ್ರೆಯ ಎದುರು

ಮಣಿಪಾಲದಲ್ಲಿ ಒಂದೇ ಕೋಣೆಯಲ್ಲಿ ಅತಿ ಹೆಚ್ಚು ರಾತ್ರಿ ಉಳಿಯುವವರು ಯಾರು ಎಂದು ನೋಡಿದರೆ ಅದು ಕಸ್ತೂರ್ಬಾ ಆಸ್ಪತ್ರೆಗೆ ಬಂದವರ ಮನೆಯವರು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ದಾವಣಗೆರೆ ಕಡೆಯಿಂದ ಬಂದು ವಾರಗಟ್ಟಲೆ ನಿಲ್ಲುತ್ತಾರೆ. ಸಂಜೆ ಆಸ್ಪತ್ರೆಯ ಎದುರಿನ ಲಾಡ್ಜ್‌ಗಳ ಬಾಲ್ಕನಿ ನೋಡಿ: ಹಗ್ಗದಲ್ಲಿ ಒಣಗುವ ಪಂಚೆ, ಸೀರೆ, ಕಿಟಕಿಯಲ್ಲಿ ಸ್ಟೀಲ್ ಫ್ಲಾಸ್ಕ್, ಬಾಗಿಲ ಗೂಟದಲ್ಲಿ ಎಕ್ಸ್‌ರೇ ತುಂಬಿದ ಪ್ಲಾಸ್ಟಿಕ್ ಚೀಲ. ಒಬ್ಬರು ವಾರ್ಡಿನಲ್ಲಿ, ಇನ್ನೊಬ್ಬರು ಕೋಣೆಯಲ್ಲಿ, ಬೆಳಗಾದರೆ ಅದಲು ಬದಲು. ಕೊಡುವುದು ಸ್ವಂತ ದುಡ್ಡು, ಕೆಲವೊಮ್ಮೆ ಸಾಲದ ದುಡ್ಡು. ಮೂರು ತಿಂಗಳಿಗೊಮ್ಮೆ ಚೆಕಪ್‌ಗೆ ಬಂದಾಗ ಅದೇ ಲಾಡ್ಜ್‌ಗೆ ಬರುತ್ತಾರೆ. ಇದಕ್ಕಿಂತ ಖಾಯಂ ಗಿರಾಕಿ ಯಾವ ಕಂಪೆನಿಗೆ ಸಿಕ್ಕಾರು?

ಇವರಲ್ಲಿ ಯಾರ ಬಳಿಯೂ ನಾನು ಕಾರ್ಡ್ ನೋಡಿಲ್ಲ. ಕೆಲವು ಲಾಡ್ಜ್‌ನವರು ಮುಖ ನೋಡಿ ದರ ಇಳಿಸುತ್ತಾರೆ, ಮಾತಿನಲ್ಲಿ ನಿಪುಣರಾದವರಿಗೆ ಹೆಚ್ಚು ಇಳಿಯುತ್ತದೆ, ಸಂಕೋಚದವರಿಗೆ ಇಳಿಯುವುದಿಲ್ಲ. ಅದು ಸರಿಯಲ್ಲ. ಮಣಿಪಾಲದ ಲಾಡ್ಜ್ ಮಾಲೀಕರಲ್ಲಿ, ಹೋಟೆಲಿನವರ ಸಂಘದವರಲ್ಲಿ ಒಂದು ವಿನಂತಿ. ಆಸ್ಪತ್ರೆಯ ಫೈಲ್ ತೋರಿಸಿದವರಿಗೆ ನಾಲ್ಕನೆಯ ರಾತ್ರಿಯಿಂದ ಎಷ್ಟು ಕಡಿಮೆ, ವಾರಕ್ಕೆ ಎಷ್ಟು, ಮರಳಿ ಚೆಕಪ್‌ಗೆ ಬಂದರೆ ಎಷ್ಟು ಎಂಬುದನ್ನು ಕೌಂಟರಿನ ಗೋಡೆಯ ಮೇಲೆ, ಆ 24 ಗಂಟೆಯ ಸಾಲಿನ ಕೆಳಗೇ, ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಿ.