ನಾಲ್ಕಡಿ ಕಡಲಿನ ಇಬ್ಬರು ಯಜಮಾನರು

ಸ್ಯಾನ್ ಫ್ರಾನ್ಸಿಸ್ಕೋಗೆ ಹೋದವರೆಲ್ಲ ಗೋಲ್ಡನ್ ಗೇಟ್ ಸೇತುವೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ನನ್ನದೂ ಒಂದಿದೆ. ಅವತ್ತು ಮಂಜು ಕವಿದಿದ್ದರಿಂದ ಅದರಲ್ಲಿ ಸೇತುವೆ ಇಲ್ಲ, ನನ್ನ ಮಫ್ಲರ್ ಮಾತ್ರ ಇದೆ! ಆದರೆ ನಾನು ಹೇಳಹೊರಟಿರುವುದು ಅದೇ ಹೆಸರಿನ ಪಾರ್ಕಿನಲ್ಲಿರುವ ಸ್ಟೈನ್‌ಹಾರ್ಟ್ ಅಕ್ವೇರಿಯಂ ಬಗ್ಗೆ; ಅಲ್ಲಿಂದ ಶುರುವಾಗಿ ಮಗಳ ಮನೆಯ ಮೀನಿನ ತೊಟ್ಟಿಗೆ ಬಂದು ನಿಂತ ಒಂದು ಜಗಳದ ಬಗ್ಗೆ.

ಮಗಳ ಮನೆ ಇರುವುದು ಫ್ರೀಮಾಂಟ್‌ನಲ್ಲಿ. ಅಲ್ಲಿಂದ ಬಾರ್ಟ್ ರೈಲು ಹಿಡಿದು ನಗರದ ನಡುವೆ ಇಳಿದು, ಎನ್-ಜೂಡಾ ಎಂಬ ಟ್ರಾಮ್ ಹತ್ತಿ, ಒಂಬತ್ತನೇ ಅವೆನ್ಯೂದಲ್ಲಿ ಇಳಿದರೆ ಪಾರ್ಕು ನಡೆಯುವಷ್ಟು ಹತ್ತಿರ. ಹಿರಿಯರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಉಂಟು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೈದು ವರ್ಷ ಕೂತವನಿಗೆ ಇಂಥದ್ದು ಮೊದಲು ಕಣ್ಣಿಗೆ ಬೀಳುತ್ತದೆ. ನಮಗೆ ದಾರಿ ತೋರಿಸಿದ್ದು ಹನ್ನೆರಡು ವರ್ಷದ ಮೊಮ್ಮಗ.

1923ರಲ್ಲಿ ಬಾಗಿಲು ತೆರೆದ ಅಕ್ವೇರಿಯಂ ಅದು. ಈಗಿನ ಕಟ್ಟಡ ಹೊಸದು, 2008ರದು. ಅದರ ಚಾವಣಿಯ ಮೇಲೆ ಎರಡೂವರೆ ಎಕರೆ ಗಿಡಗಳು ಬೆಳೆದಿವೆ. ಒಳಗೆ ಕ್ಲಾಡ್ ಎಂಬ ಬೆಳ್ಳಗಿನ ಮೊಸಳೆಯೊಂದು ಸುಣ್ಣ ಬಳಿದ ಕಲ್ಲಿನ ಹಾಗೆ ಅಲ್ಲಾಡದೆ ಮಲಗಿತ್ತು. ನಮ್ಮ ಮನೆಯವರು ಅಲ್ಲೇ ನಿಂತುಬಿಟ್ಟರು. ಮೊಮ್ಮಗ ನನ್ನ ಕೈ ಹಿಡಿದು ಕೆಳಗಿನ ಅಂತಸ್ತಿಗೆ ಎಳೆದುಕೊಂಡು ಹೋದ.

ಅಲ್ಲಿರುವುದು ಫಿಲಿಪ್ಪೀನ್ಸ್ ದೇಶದ ಹವಳದ ದಿಬ್ಬವನ್ನು ನೆನಪಿಸುವ ತೊಟ್ಟಿ. ಆಳ 25 ಅಡಿ. ನೀರು 2,12,000 ಗ್ಯಾಲನ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಎಂಟು ಲಕ್ಷ ಲೀಟರ್. ಮಕ್ಕಳೇ, ನಿಮ್ಮ ಮನೆಯ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕು ಇದೆಯಲ್ಲ, ಅಂಥವು ಎಂಟುನೂರು! ಅದರೊಳಗೆ ಹವಳ ಕೊಂಬೆ ಕೊಂಬೆಯಾಗಿ ಬೆಳೆದಿದೆ. ಮೀನುಗಳು ಜಾತ್ರೆಯ ಜನದ ಹಾಗೆ ಒಂದರ ಪಕ್ಕ ಒಂದು ಸರಿದು ಹೋಗುತ್ತವೆ.

ನಾನು ದೊಡ್ಡ ಮೀನು ನೋಡುತ್ತಿದ್ದರೆ ಮೊಮ್ಮಗ ಕಲ್ಲಿನ ಸಂದಿಗಳನ್ನೇ ದಿಟ್ಟಿಸುತ್ತಿದ್ದ. “ತಾತ, ಅಲ್ಲಿ ನೋಡು, ಕೋರಲ್ ಬ್ಯೂಟಿ!” ಅಂದ. ನನ್ನ ಕನ್ನಡಕಕ್ಕೆ ಸಿಕ್ಕಿದ್ದು ಒಂದು ನೀಲಿ ಮಿಂಚು ಅಷ್ಟೇ. ಅಂಥದ್ದೇ ಮೀನು ಅವನ ತೊಟ್ಟಿಯಲ್ಲಿ ವರ್ಷದಿಂದ ಒಂಟಿಯಾಗಿತ್ತು. ಅದಕ್ಕೆ ಜೊತೆಯಾಗಿ ಫ್ಲೇಮ್ ಏಂಜೆಲ್ ತರಬೇಕೆಂದು ಅವನು ಹುಟ್ಟುಹಬ್ಬದ ದುಡ್ಡು ಕೂಡಿಟ್ಟಿದ್ದ. ಎರಡೂ ಒಟ್ಟಿಗೆ ಬದುಕುತ್ತವೆಯೇ? ಅವನಿಗಿದ್ದ ಚಿಂತೆ ಅದೊಂದೇ.

ಇವು ‘ಡ್ವಾರ್ಫ್ ಏಂಜೆಲ್’ಗಳು, ಕುಳ್ಳ ಏಂಜೆಲ್ ಮೀನುಗಳು. ನಮ್ಮೂರಿನ ಅಂಗಡಿಗಳಲ್ಲಿ ಸಿಗುವ, ತ್ರಿಕೋನಾಕಾರದ ಸಿಹಿನೀರಿನ ಏಂಜೆಲ್ಲಿಗೂ ಇವಕ್ಕೂ ಹೆಸರಷ್ಟೇ ನಂಟು. ಅದರ ತವರು ದಕ್ಷಿಣ ಅಮೆರಿಕದ ನದಿಗಳು. ಇವು ಕಡಲಿನವು. ಕೋರಲ್ ಬ್ಯೂಟಿ ಬೆಳೆದರೆ ನಾಲ್ಕು ಇಂಚು. ಮೈಯೆಲ್ಲ ಕಡು ನೀಲಿ, ಪಕ್ಕೆಯಲ್ಲಿ ಕಿತ್ತಳೆ. ಫ್ಲೇಮ್ ಏಂಜೆಲ್ ಹೆಸರಿಗೆ ತಕ್ಕಂತೆ ಕೆಂಡದ ಬಣ್ಣ, ಅದರ ಮೇಲೆ ಕಪ್ಪು ಪಟ್ಟೆ. ಲೆಮನ್‌ಪೀಲ್ ಎಂಬುದು ಹಳದಿ. ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ನೀಲಿ ಉಂಗುರ. ಒಂದು ಜಾತಿಯ ಸರ್ಜನ್ ಮೀನಿನ ಮರಿ ಈ ಲೆಮನ್‌ಪೀಲ್‌ನ ವೇಷ ಹಾಕಿಕೊಂಡೇ ಓಡಾಡುತ್ತದೆ, ದೊಡ್ಡದಾದ ಮೇಲೆ ವೇಷ ಕಳಚುತ್ತದೆ!

ಈ ಸುಂದರಿಯರ ಸ್ವಭಾವ ಮಾತ್ರ ಜೋರು. ಕಡಲಲ್ಲಿ ಒಂದು ಗಂಡು, ಕೆಲವು ಹೆಣ್ಣು ಸೇರಿ ಒಂದು ಸಂಸಾರ. ಅದಕ್ಕೆ ಒಂದಿಷ್ಟು ಕಲ್ಲಿನ ಜಾಗ. ಗಂಡು ಸತ್ತರೆ ಎಲ್ಲಕ್ಕಿಂತ ದೊಡ್ಡ ಹೆಣ್ಣೇ ಕೆಲವು ವಾರಗಳಲ್ಲಿ ಗಂಡಾಗಿ ಬದಲಾಗಿ ಯಜಮಾನಿಕೆ ವಹಿಸಿಕೊಳ್ಳುತ್ತದೆ. ಬೇರೆ ಜಾತಿಯ ಕುಳ್ಳ ಏಂಜೆಲ್ ಬಂದರೆ ಅದು ಸಂಸಾರಕ್ಕೆ ಸೇರಿದ್ದಲ್ಲ, ಆದರೆ ತಿನ್ನುವುದು ಅದೇ ಕಲ್ಲಿನ ಪಾಚಿ. ಹಾಗಾಗಿ ಓಡಿಸಲೇಬೇಕು. ಕಡಲಲ್ಲಾದರೆ ಸೋತದ್ದು ದೂರ ಹೋಗುತ್ತದೆ. ನಾಲ್ಕಡಿ ಗಾಜಿನ ತೊಟ್ಟಿಯಲ್ಲಿ ಎಲ್ಲಿಗೆ ಹೋದೀತು?

ಮೀನಿನ ಅಂಗಡಿಯವರು ಇದನ್ನೇ ಕೇಳಿದರು. ಫಿಲಿಪ್ಪೀನ್ಸಿನ ಬಟಾಂಗಸ್ ತೀರದಲ್ಲಿ ಹುಟ್ಟಿದವರು, ವಯಸ್ಸು ನನ್ನಷ್ಟೇ. ಮೊಮ್ಮಗ ದುಡ್ಡು ಮುಂದಿಟ್ಟರೆ ಅವರು ಮುಟ್ಟಲಿಲ್ಲ. “ಹೊಸದು ಸೋತರೆ ಎಲ್ಲಿಡ್ತೀಯ, ಅದನ್ನ ಮೊದಲು ಹೇಳು ಮಗು” ಅಂದರು. ಇನ್ನೊಂದು ಸಣ್ಣ ತೊಟ್ಟಿ ಸಿದ್ಧ ಮಾಡಿಕೊಂಡು ಬಂದ ಮೇಲೆಯೇ ಮಾರುವುದಾಗಿ ಹೇಳಿ ಕಳಿಸಿದರು. ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸುವ ವ್ಯಾಪಾರಿಯನ್ನು ನಾನು ನೋಡಿದ್ದು ಕಡಿಮೆ. ನನಗೆ ಅವರ ಮೇಲೆ ಗೌರವ ಬಂತು.

ಮೊಮ್ಮಗನ ದೊಡ್ಡ ತೊಟ್ಟಿಯಲ್ಲಿ 280 ಲೀಟರ್ ನೀರು. ಲೀಟರಿಗೆ ಸುಮಾರು 35 ಗ್ರಾಂನಂತೆ ಹತ್ತು ಕಿಲೋ ಉಪ್ಪು. ಅಡುಗೆ ಉಪ್ಪು ನಡೆಯದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿದ ಕಡಲುಪ್ಪಿನ ಪುಡಿಯೇ ಬೇಕು. ನೀರು ದಿನವೂ ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಆದ್ದರಿಂದ ಕಡಿಮೆಯಾದಷ್ಟು ಬರೀ ಶುದ್ಧ ಸಿಹಿನೀರನ್ನೇ ತುಂಬಬೇಕು. ಬಡ್ಡಿ ಹೋಗುತ್ತದೆ, ಅಸಲು ಉಳಿಯುತ್ತದೆ; ನನಗೆ ಒಂದೇ ಸಲಕ್ಕೆ ಅರ್ಥವಾಯಿತು.

ಸಣ್ಣ ತೊಟ್ಟಿ ಗ್ಯಾರೇಜಿನಲ್ಲಿ ಸಿದ್ಧವಾಯಿತು. ಫ್ಲೇಮ್ ಏಂಜೆಲ್ ಬಂದು, ಪ್ಲಾಸ್ಟಿಕ್ ಪೈಪಿನ ತುಂಡನ್ನೇ ಗುಹೆ ಮಾಡಿಕೊಂಡು, ರೋಗವಿಲ್ಲವೆಂದು ಖಾತ್ರಿಯಾಗಲು ನಾಲ್ಕು ವಾರ ಅಲ್ಲಿತ್ತು. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ಕಡೆಯಿಂದ ನೀರು ತುಂಬಿದ ಚೀಲದಲ್ಲಿ ವಿಮಾನವೇರಿ ಬಂದ ಜೀವ ಅದು. ಅಷ್ಟು ದೂರದಿಂದ ಹಿಡಿದು ತರಬೇಕಿತ್ತೇ ಎಂದು ನನ್ನ ಮನಸ್ಸು ಕೇಳದೆ ಇರಲಿಲ್ಲ. ತೊಟ್ಟಿಯಲ್ಲೇ ಹುಟ್ಟಿದ ಮರಿಗಳೂ ಈಗೀಗ ಸಿಗುತ್ತವಂತೆ, ಆದರೆ ಕಡಿಮೆ. ಮೊಟ್ಟೆಯೊಡೆದ ಮರಿಯ ಬಾಯಿ ಎಷ್ಟು ಚಿಕ್ಕದೆಂದರೆ ಅದಕ್ಕೆ ಹಿಡಿಸುವ ಆಹಾರ ಬೆಳೆಸುವುದೇ ದೊಡ್ಡ ಸಾಹಸ.

ಬಿಡುವ ಮೊದಲು ದೊಡ್ಡ ತೊಟ್ಟಿಯ ಕಲ್ಲುಗಳನ್ನೆಲ್ಲ ಜಾಗ ಬದಲಿಸಿದೆವು. ಹಳೆಯ ಮೀನಿಗೂ ಮನೆ ಹೊಸದಾಗಬೇಕು, ಆಗ ‘ಇದು ನನ್ನದು’ ಎಂಬ ಹಟ ಸ್ವಲ್ಪ ಸಡಿಲವಾಗುತ್ತದೆ. ಆಮೇಲೆ ತೂತುಗಳಿರುವ ಪಾರದರ್ಶಕ ಡಬ್ಬಿಯೊಳಗೆ ಫ್ಲೇಮ್ ಏಂಜೆಲ್ಲನ್ನು ಇಟ್ಟು ಅದೇ ತೊಟ್ಟಿಯಲ್ಲಿ ತೂಗುಹಾಕಿದೆವು. ಒಂದನ್ನೊಂದು ನೋಡಬಹುದು, ಕಚ್ಚುವಂತಿಲ್ಲ. ಲೆಕ್ಕ ಬರೆಯುವ ಕೆಲಸ ನನಗೆ ಬಂತು. ಕೋರಲ್ ಬ್ಯೂಟಿ ಡಬ್ಬಿಗೆ ಎಷ್ಟು ಸಲ ಮೂತಿ ಗುದ್ದಿತು? ಮೊದಲ ದಿನ ಹತ್ತು ನಿಮಿಷಕ್ಕೆ 31. ಎಂಟನೇ ದಿನ 4. ಹತ್ತನೇ ದಿನ ದೀಪ ಆರಿಸಿ ಬಾಗಿಲು ತೆರೆದೆವು.

ಬೆಳಿಗ್ಗೆ ನೋಡಿದರೆ ಫ್ಲೇಮ್ ಏಂಜೆಲ್ಲಿನ ಬಾಲದ ಅಂಚು ಹರಿದಿತ್ತು. ಮರುದಿನ ಊಟಕ್ಕೂ ಹೊರಬರಲಿಲ್ಲ. ಮೊಮ್ಮಗ ಶಾಲೆಗೆ ಹೋಗುವುದಿಲ್ಲವೆಂದು ಕೂತ. ಮಗಳು ಅಂಗಡಿಗೆ ಫೋನ್ ಮಾಡಿದಳು. “ಏಟು ತಿಂದದ್ದನ್ನ ತೆಗೀಬೇಡಿ, ಹೊಡೆದದ್ದನ್ನ ತೆಗೀರಿ” ಅಂದರಂತೆ ಆ ಹಿರಿಯರು.

ಬಲೆ ಹಾಕುವ ಹಾಗಿಲ್ಲ. ಏಂಜೆಲ್ ಮೀನಿನ ಕೆನ್ನೆಯ ಕೆಳಗೆ ಹಿಂದಕ್ಕೆ ಚಾಚಿದ ಒಂದು ಮುಳ್ಳಿರುತ್ತದೆ, ಅದು ಬಲೆಗೆ ಸಿಕ್ಕಿಕೊಳ್ಳುತ್ತದೆ. ಅದೇ ಡಬ್ಬಿಯೊಳಗೆ ನೋರಿ ಎಂಬ ಕಡಲಪಾಚಿಯ ಹಾಳೆ ಸಿಕ್ಕಿಸಿ, ಬಾಗಿಲಿಗೆ ದಾರ ಕಟ್ಟಿ ಕಾದೆವು. ನಮ್ಮ ಮನೆಯವರು ನೋಡಿ, “ಇಲಿಬೋನಿನ ಹಾಗೇ ಆಯ್ತಲ್ಲ” ಅಂದರು. ಎರಡೂವರೆ ಗಂಟೆಯ ಮೇಲೆ ಕೋರಲ್ ಬ್ಯೂಟಿ ಒಳಗೆ ಬಂತು. ದಾರ ಎಳೆದವರು ನಮ್ಮ ಮನೆಯವರೇ.

ಏಳು ದಿನ ಅದು ಡಬ್ಬಿಯಲ್ಲಿ, ಹೊಸದು ಹೊರಗೆ. ಎರಡನೇ ದಿನ ಫ್ಲೇಮ್ ಏಂಜೆಲ್ ಒಂದು ತುಣುಕು ನೋರಿ ತಿಂದಿತು. ನಾಲ್ಕನೇ ದಿನ ಕಲ್ಲು ಕಲ್ಲಿಗೂ ಹೋಗಿ ಪಾಚಿ ಕೆರೆಯತೊಡಗಿತು. ವಾರದ ಮೇಲೆ ಹೊರಬಂದ ಕೋರಲ್ ಬ್ಯೂಟಿಗೆ ಈಗ ತಾನೇ ಹೊಸಬಳು. ಒಂದೆರಡು ಸುತ್ತು ಅಟ್ಟಾಡಿತು, ಬಿಟ್ಟಿತು. ತೊಟ್ಟಿಯ ಎರಡು ತುದಿಗೆ ಎರಡು ನೋರಿ ಹಾಳೆ ಸಿಕ್ಕಿಸಿದೆವು. ಒಂದೇ ಇಟ್ಟರೆ ಒಂದು ಮೀನು ಅದರ ಕಾವಲಿಗೆ ನಿಲ್ಲುತ್ತದೆ. ನಡುವಿನ ಚಪ್ಪಟೆ ಕಲ್ಲೇ ಗಡಿಯಾಯಿತು, ಎಡಕ್ಕೆ ನೀಲಿ, ಬಲಕ್ಕೆ ಕೆಂಪು. ಜಗಳ ಉಳಿದದ್ದು ಸಂಜೆ ಮಾತ್ರ, ದೀಪ ಆರುವ ಹೊತ್ತಿಗೆ ಮಲಗುವ ಗುಹೆಗಾಗಿ.

ಲೆಮನ್‌ಪೀಲ್ ಒಂದನ್ನೂ ತರೋಣವೆಂದು ಮೊಮ್ಮಗ ಅಂಗಡಿಯಲ್ಲಿ ಕೇಳಿಯೂ ನೋಡಿದ. “ನಾಲ್ಕಡಿಗೆ ಎರಡು ಸಾಕು” ಅಂದರು ಆ ಹಿರಿಯರು. ಆ ದುಡ್ಡನ್ನು ಆರಡಿ ತೊಟ್ಟಿಗೆಂದು ಎತ್ತಿಟ್ಟಿದ್ದಾನೆ. ಅವನ ಅಮ್ಮನಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಹೊರಡುವಾಗ ಲೆಕ್ಕದ ಪುಸ್ತಕ ಅವನ ಕೈಗೆ ಕೊಟ್ಟು ಬಂದೆ. ಪ್ರತಿ ಭಾನುವಾರ ಅದರ ಪುಟದ ಫೋಟೋ ನನ್ನ ಮೊಬೈಲಿಗೆ ಬರುತ್ತದೆ. ಕಳೆದ ವಾರದ ಲೆಕ್ಕ: ಬೆಳಿಗ್ಗೆ 2, ಸಂಜೆ 5.