ಮ್ಯಾಸಿಯ ದಾಯಾದಿಗಳು

ನಮ್ಮೂರು ಸಾಸಲಿನಲ್ಲಿ ಯಾವ ಗಾಡಿಯ ಮಾತೆತ್ತಿದರೂ ಅದು ಟ್ರ್ಯಾಕ್ಟರಿನಿಂದಲೇ ಶುರುವಾಗುತ್ತದೆ. ಯಾವ ಕಂಪನಿ ಗಟ್ಟಿ, ಯಾವುದು ಡೀಸೆಲ್ ಜಾಸ್ತಿ ಕುಡಿಯುತ್ತದೆ, ಯಾವುದರ ಕ್ಲಚ್ ಪ್ಲೇಟು ಬೇಗ ಸವೆಯುತ್ತದೆ ಎಂಬ ತೀರ್ಮಾನಗಳೆಲ್ಲ ಹೊಲದಲ್ಲೇ ಆಗಿಹೋಗಿರುತ್ತವೆ. ಮಳೆ ಬಿದ್ದು ಮಣ್ಣು ಹದಕ್ಕೆ ಬಂದ ಬೆಳಿಗ್ಗೆ ಸೆಲ್ಫ್ ಹೊಡೆದರೆ ಇಂಜಿನ್ ಎದ್ದೇಳಬೇಕು. ಎದ್ದೇಳದಿದ್ದರೆ ಹದ ಯಾರಿಗೂ ಕಾಯುವುದಿಲ್ಲ. ರಾಗಿ ಬಿತ್ತನೆ ಹಿಂದೆ ಬಿದ್ದಷ್ಟೂ ಆ ವರ್ಷದ ಕಣ ಚಿಕ್ಕದಾಗುತ್ತದೆ. ಕಂಪನಿಯ ಹೆಸರಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ನಾನು ಕಂಡಿಲ್ಲ.

ನಮ್ಮ ಮನೆಯದು ಮ್ಯಾಸಿ ಫರ್ಗುಸನ್. ಅದನ್ನು ನಮ್ಮ ದೇಶದಲ್ಲಿ ಮಾಡುವ ಟಾಫೆ ಕಂಪನಿಯ ಒಂದು ಕಾರ್ಖಾನೆ ನಮ್ಮ ತಾಲ್ಲೂಕು ಕೇಂದ್ರ ದೊಡ್ಡಬಳ್ಳಾಪುರದಲ್ಲೇ ಇದೆ. ಹಾಗಾಗಿ ಸುತ್ತಮುತ್ತಲ ಹಳ್ಳಿಗಳಿಗೆ ಮ್ಯಾಸಿ ಎಂದರೆ ಮನೆಮಗನ ಸಲುಗೆ. ಅಪ್ಪ ಅದನ್ನು ಬಿಟ್ಟು ಬೇರೆ ಕಂಪನಿಯ ಹೆಸರೆತ್ತಲಿಲ್ಲ, ಅಣ್ಣನೂ ಎತ್ತಿಲ್ಲ.

ಈಗ ಅಣ್ಣನ ಮಗನಿಗೆ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಬೇಕಾಗಿದೆ. ದೊಡ್ಡಬಳ್ಳಾಪುರದಲ್ಲಿ ಸ್ವಂತ ವರ್ಕ್‌ಶಾಪ್ ನಡೆಸಿ ದುಡಿದ ದುಡ್ಡು, ಜಮೀನು ಮಾರಿದ್ದಲ್ಲ. ಬೆಂಗಳೂರಿನವರೊಬ್ಬರು ಕೆಲವು ವರ್ಷ ಓಡಿಸಿ ಮಾರುತ್ತಿರುವ ಜರ್ಮನಿಯ ಕಾರನ್ನು ನೋಡಿಕೊಂಡು ಬಂದಿದ್ದಾನೆ. ಮನೆಯಲ್ಲಿ ಎರಡು ಪ್ರಶ್ನೆ ಎದ್ದವು. "ಎರಡೇ ಸೀಟಾ? ಹಂಗಾದ್ರೆ ನಮ್ಮನ್ನೆಲ್ಲ ಎಲ್ಲಿ ಕೂರಿಸ್ತೀಯೋ?" ಇದು ಅತ್ತಿಗೆಯದು. "ಆ ಕಂಪನಿ ನಂಬೋ ಹಂಗೈತಾ?" ಇದು ಅಣ್ಣನದು. ಹುಡುಗ ನನ್ನ ಕಡೆ ತಿರುಗಿ, "ಚಿಕ್ಕಪ್ಪ, ನೀವಾದ್ರೂ ಹೇಳಿ" ಅಂದ. ಎರಡೂ ಪ್ರಶ್ನೆ ನ್ಯಾಯವಾದದ್ದೇ. ಅಣ್ಣನದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಯಾಕೆಂದರೆ ಅದರ ಉತ್ತರ ನಮ್ಮ ಕೊಟ್ಟಿಗೆಯ ಪಕ್ಕದಲ್ಲೇ ನಿಂತಿದೆ.

ಮ್ಯಾಸಿಯ ಹೆಸರಿನಲ್ಲಿರುವ ಫರ್ಗುಸನ್ ಎಂಬುವನು ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗುಸನ್. ಇವತ್ತು ನೇಗಿಲಾಗಲಿ ರೋಟವೇಟರ್ ಆಗಲಿ ಟ್ರ್ಯಾಕ್ಟರಿನ ಬೆನ್ನಿಗೆ ಮೂರು ಕಡೆ ಕಚ್ಚಿಕೊಂಡು ನಿಲ್ಲುತ್ತದಲ್ಲ, ಲಿವರ್ ಎತ್ತಿದರೆ ತಾನೂ ಮೇಲೇಳುತ್ತದಲ್ಲ, ಆ ಏರ್ಪಾಡನ್ನು ರೂಢಿಗೆ ತಂದವನು ಅವನು. 1936ರಲ್ಲಿ ಅವನು ಇಂಗ್ಲೆಂಡಿನ ಗೇರ್ ತಯಾರಕ ಡೇವಿಡ್ ಬ್ರೌನ್ ಜೊತೆ ಸೇರಿ ಟ್ರ್ಯಾಕ್ಟರ್ ಮಾಡಿಸಿದ. ಇಬ್ಬರಿಗೂ ಹೊಂದಲಿಲ್ಲ, ಬೇರೆಯಾದರು. ಬ್ರೌನ್ 1939ರಲ್ಲಿ ತನ್ನದೇ ಹೆಸರಿನ ಟ್ರ್ಯಾಕ್ಟರ್ ಹೊರತಂದ; 1947ರಲ್ಲಿ, ನಷ್ಟದಲ್ಲಿದ್ದ ಆಸ್ಟನ್ ಮಾರ್ಟಿನ್ ಎಂಬ ಸ್ಪೋರ್ಟ್ಸ್ ಕಾರಿನ ಕಂಪನಿಯನ್ನೇ ಕೊಂಡ. ಜೇಮ್ಸ್ ಬಾಂಡ್ ಸಿನಿಮಾದಿಂದ ಜಗತ್ತಿಗೆಲ್ಲ ಗೊತ್ತಾದ ಡಿಬಿ5 ಕಾರಿನ ಆ ಎರಡು ಅಕ್ಷರ ಈ ಡೇವಿಡ್ ಬ್ರೌನ್‌ದೇ.

ಫರ್ಗುಸನ್ ಕೂಡ ಸುಮ್ಮನೆ ಕೂರಲಿಲ್ಲ. ತನ್ನ ಟ್ರ್ಯಾಕ್ಟರ್ ಕಂಪನಿಯನ್ನು 1953ರಲ್ಲಿ ಕೆನಡಾದ ಮ್ಯಾಸಿ ಹ್ಯಾರಿಸ್ ಜೊತೆ ಸೇರಿಸಿ, ಮಿಕ್ಕ ಆಯಸ್ಸನ್ನು ಕಾರಿನ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಕೆಲಸಕ್ಕೆ ಮೀಸಲಿಟ್ಟ. ಅವನ ಸಂಸ್ಥೆ ಕಟ್ಟಿದ ಪಿ99 ಎಂಬ ರೇಸ್ ಕಾರನ್ನು ಸ್ಟರ್ಲಿಂಗ್ ಮಾಸ್ 1961ರಲ್ಲಿ ಔಲ್ಟನ್ ಪಾರ್ಕಿನ ಒದ್ದೆ ಟ್ರ್ಯಾಕಿನ ಮೇಲೆ ಓಡಿಸಿ ಗೆದ್ದ. ಚಾಂಪಿಯನ್‌ಷಿಪ್ ಲೆಕ್ಕಕ್ಕೆ ಸೇರದ ರೇಸು ನಿಜ. ಆದರೆ ಫಾರ್ಮುಲಾ ಒನ್ ರೇಸ್ ಗೆದ್ದ ನಾಲ್ಕು ಚಕ್ರದ ಡ್ರೈವಿನ ಕಾರು ಇವತ್ತಿಗೂ ಅದೊಂದೇ. ಗೆಲುವು ನೋಡಲು ಫರ್ಗುಸನ್ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದ. ಕೆಸರುಗದ್ದೆಯಲ್ಲಿ ಚಕ್ರ ಜಾರಬಾರದೆಂದು ಜೀವಮಾನವಿಡೀ ಯೋಚಿಸಿದವನ ಕಾರು ಮಳೆಯಲ್ಲಿ ಗೆದ್ದದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಲ್ಯಾಂಬೋರ್ಗಿನಿಯ ಹೆಸರು ನಮ್ಮೂರ ಹೈಸ್ಕೂಲ್ ಹುಡುಗರಿಗೂ ಗೊತ್ತು. ಫೆರುಚ್ಚೋ ಲ್ಯಾಂಬೋರ್ಗಿನಿಯೂ ರೈತನ ಮಗನೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದ ಮಿಲಿಟರಿ ವಾಹನಗಳ ಬಿಡಿಭಾಗ ಜೋಡಿಸಿ ಟ್ರ್ಯಾಕ್ಟರ್ ಮಾಡಿ ದುಡ್ಡು ಕಂಡವನು. ಕಾರಿನ ಕಂಪನಿ ಕಟ್ಟಿದ್ದು 1963ರಲ್ಲಿ. ತನ್ನ ಫೆರಾರಿಯ ಕ್ಲಚ್ ಪದೇಪದೇ ಕೈಕೊಟ್ಟು, ಬಿಚ್ಚಿ ನೋಡಿದರೆ ತನ್ನ ಟ್ರ್ಯಾಕ್ಟರಿನದೇ ಕ್ಲಚ್ ಒಳಗಿತ್ತು ಎಂಬ ಕಥೆಗೆ ಎಷ್ಟು ಉಪ್ಪುಖಾರ ಸೇರಿದೆಯೋ, ಟ್ರ್ಯಾಕ್ಟರಿನವನು ಕಾರಿನವನಾದದ್ದಂತೂ ಇತಿಹಾಸ. ಪೋರ್ಷೆ ಹೆಸರಿನ ಕೆಂಪು ಡೀಸೆಲ್ ಟ್ರ್ಯಾಕ್ಟರುಗಳೂ 1963ರವರೆಗೆ ಜರ್ಮನಿಯ ಹೊಲಗಳಿಗೆ ಹೋಗುತ್ತಿದ್ದವು.

ಹಾಗಾಗಿ ಅಣ್ಣ ಯಾವುದನ್ನು ಪರದೇಶದ ಆಟಿಕೆ ಎನ್ನುತ್ತಾನೋ ಅದು ಅವನ ಮ್ಯಾಸಿಗೆ ದಾಯಾದಿ.

ನಮ್ಮ ಮನೆಗೆ ಬಂದುಹೋದ ಕಾರುಗಳ ಕಥೆಯೂ ಬೇರೆಯಲ್ಲ. ಮೊದಲನೆಯದು ದೊಡ್ಡಪ್ಪ ಸೆಕೆಂಡ್ ಹ್ಯಾಂಡ್ ತಂದ ಅಂಬಾಸಿಡರ್. ಅದರ ಹಿಂದಿನ ಸೀಟಿನಲ್ಲಿ ಬಾಣಂತಿಯರು ಬಂದರು, ಮದುವೆ ಹೆಣ್ಣುಗಳು ಹೋದರು. ನಮ್ಮ ಕಡೆಯ ವಿಜಯಪುರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವ ದಿನ ಹಿಂದಿನ ಸೀಟು ಕಳಚಿ ಜಗಲಿಯ ಮೇಲೆ ಕೂರುತ್ತಿತ್ತು, ಅದರ ಮೇಲೆ ನಾವು. ಆ ಕಾರಿನ ಬಾನೆಟ್ಟಿನಡಿ ಇದ್ದದ್ದು 1489 ಸಿಸಿಯ ಬ್ರಿಟಿಷ್ ಮೂಲದ ಇಂಜಿನ್, ಬಿ ಸರಣಿಯದು. ಅದೇ ಸರಣಿಯ, ಅದೇ 1489 ಸಿಸಿಯ ಇಂಜಿನ್ನಿಗೆ ಎರಡು ಎಸ್‌ಯು ಕಾರ್ಬ್ಯುರೇಟರ್ ಕೂರಿಸಿ ಇಂಗ್ಲೆಂಡಿನಲ್ಲಿ 1955ರಲ್ಲಿ ಎಂಜಿಎ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ತೆಳ್ಳಗೆ, ಉದ್ದ ಮೂಗಿನ, ನೆಲಕ್ಕೆ ತಾಗುವಂತಿದ್ದ ಆ ಎರಡು ಸೀಟಿನ ಕಾರು ಲಕ್ಷಕ್ಕೂ ಮೀರಿ ತಯಾರಾಗಿ ಹೆಚ್ಚಿನಂಶ ಅಮೆರಿಕಕ್ಕೆ ಹೋಯಿತು. ಅಲ್ಲಿ ಯಾರೋ ಹರೆಯದವನು ಕಡಲ ತೀರದ ರಸ್ತೆಯಲ್ಲಿ ಕೇಳಿದ ಸದ್ದನ್ನೇ, ಒಂಚೂರು ಮೆತ್ತಗೆ, ನಾವು ರಾಗಿ ಮೂಟೆಯ ಜೊತೆ ಕೂತು ಕೇಳಿದ್ದೇವೆ.

ಅಪ್ಪನ ಕಾಲಕ್ಕೆ ಫಿಯಟ್ ಬಂತು, ಬಿಳಿಯದು, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಪ್ರೀಮಿಯರ್ ಪದ್ಮಿನಿ ಎಂಬ ಹೆಸರು 1970ರ ದಶಕದಲ್ಲಿ ಸೇರಿಕೊಂಡದ್ದು. ಊರಿನ ಬಾಯಲ್ಲಿ ಅದು ಕೊನೆಯವರೆಗೂ ಫಿಯಟ್ಟೇ. ಅದರ 1089 ಸಿಸಿ ಇಂಜಿನ್ನಿನ ಬೇರು 1937ರ ಇಟಲಿಯಲ್ಲಿದೆ. ಆ 1937ರ ಕಾರಿನ ಭಾಗಗಳನ್ನೇ ಆಧಾರವಾಗಿಟ್ಟುಕೊಂಡು ಎಂಟ್ಸೊ ಫೆರಾರಿ 1940ರಲ್ಲಿ ತನ್ನ ಮೊತ್ತಮೊದಲ ಕಾರು ಕಟ್ಟಿದ. ಹಳೆಯ ಮಾಲೀಕರ ಜೊತೆಗಿದ್ದ ಕರಾರಿನಿಂದಾಗಿ ಆ ಕಾರಿಗೆ ಫೆರಾರಿ ಎಂಬ ಹೆಸರಿಡಲು ಆಗಲಿಲ್ಲ, 815 ಎಂದು ಕರೆದ. ಯುದ್ಧದ ನಂತರ ಚಿಸಿಟಾಲಿಯಾ ಎಂಬ ಸಣ್ಣ ಕಂಪನಿಯೂ ಇದೇ ಇಂಜಿನ್ನನ್ನು ಹದಮಾಡಿ ಮಾಡಿದ 202 ಎಂಬ ಕಾರು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಮಾರುತಿ 800ರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಬೀಗದ ಕೈ ಇಂದಿರಾ ಗಾಂಧಿಯವರ ಕೈಯಿಂದ ಗ್ರಾಹಕನಿಗೆ ಹೋಯಿತು. ಅಲ್ಲಿಂದಾಚೆ ಕಾರೆಂದರೆ ಬೆಳಿಗ್ಗೆ ಎದ್ದು ಬಾನೆಟ್ ತೆರೆಯದೆಯೇ ಓಡಿಸುವ ವಸ್ತುವಾಯಿತು. ಬಿಡದಿಯಲ್ಲಿ ಮಾಡಿದ ಕ್ವಾಲಿಸ್ 2000ದಲ್ಲಿ ಬಂದ ಮೇಲೆ ಊರಿನ ಅರ್ಧ ಪ್ರಯಾಣ ಅದರಲ್ಲೇ.

ಇಷ್ಟೆಲ್ಲ ಹೇಳಿದ್ದು, ಬಾನೆಟ್ಟಿನ ಮೇಲಿನ ಹೆಸರು ನೋಡಿ ನಂಬಿಕೆ ಇಡುವುದು ಅರ್ಧ ನಂಬಿಕೆ ಎಂದು ಅಣ್ಣನಿಗೆ ತಿಳಿಯಲಿ ಎಂದು. ಇತ್ತೀಚಿನ ಸ್ಪೋರ್ಟ್ಸ್ ಕಾರುಗಳಲ್ಲಂತೂ ಹೆಸರು ಒಬ್ಬರದು, ಎದೆ ಇನ್ನೊಬ್ಬರದು. 2019ರಲ್ಲಿ ಮರಳಿ ಬಂದ ಟೊಯೋಟಾ ಸುಪ್ರಾದ ಇಂಜಿನ್ ಬಿಎಂಡಬ್ಲ್ಯುದು, ಜೋಡಣೆ ಆಸ್ಟ್ರಿಯಾದಲ್ಲಿ. ಇಂಗ್ಲೆಂಡಿನ ಲೋಟಸ್ ಕಂಪನಿ ತನ್ನ ಎಲಿಸ್ ಕಾರಿಗೆ ಟೊಯೋಟಾ ಇಂಜಿನ್ ಹಾಕಿಕೊಂಡಿತು. 2016ರ ಫಿಯಟ್ 124 ಸ್ಪೈಡರ್ ತಯಾರಾದದ್ದು ಜಪಾನಿನ ಹಿರೋಷಿಮಾದಲ್ಲಿ, ಮಜ್ದಾ ಕಾರ್ಖಾನೆಯಲ್ಲಿ. ಒಳಗೇನಿದೆ, ಅದನ್ನು ಬಿಚ್ಚಬಲ್ಲವರು ಯಾರಿದ್ದಾರೆ, ಬಿಡಿಭಾಗ ಎಷ್ಟು ದಿನಕ್ಕೆ ಕೈಗೆ ಬರುತ್ತದೆ: ಟ್ರ್ಯಾಕ್ಟರಿಗೆ ಕೇಳುವ ಈ ಮೂರು ಪ್ರಶ್ನೆಯನ್ನು ಕಾರಿಗೂ ಕೇಳಬೇಕು.

ಮೂರನೆಯದನ್ನು ಕೇಳದೆ ನಮ್ಮ ಮನೆ ಒಮ್ಮೆ ಕಷ್ಟಪಟ್ಟಿದೆ. ಉದಾರೀಕರಣದ ನಂತರ ಬಂದ ಒಂದು ಹೊರದೇಶದ ಕಾರನ್ನು ಭಾವ ಆಸೆಪಟ್ಟು ಕೊಂಡಿದ್ದರು. ಒಳ್ಳೆಯ ಕಾರು, ಹೆದ್ದಾರಿಯಲ್ಲಿ ಬಂಡೆಯಂತೆ ಕೂತು ಹೋಗುತ್ತಿತ್ತು. ಕಂಪನಿ ದೇಶ ಬಿಟ್ಟಿತು. ಆಮೇಲೆ ಒಂದು ಸಣ್ಣ ಸೆನ್ಸರಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಸುತ್ತಿದ್ದಾಯಿತು. ಜನರಲ್ ಮೋಟಾರ್ಸ್ 2017ರ ಕೊನೆಗೆ ನಮ್ಮಲ್ಲಿ ಮಾರಾಟ ನಿಲ್ಲಿಸಿದಾಗ, ಫೋರ್ಡ್ 2021ರಲ್ಲಿ ಕಾರ್ಖಾನೆ ಮುಚ್ಚುವುದಾಗಿ ಹೇಳಿದಾಗ ನಾಡಿನ ಎಷ್ಟೋ ಮನೆಗಳ ಮುಂದೆ ಗಟ್ಟಿಮುಟ್ಟಾದ ಕಾರುಗಳೇ ನಿಂತಿದ್ದವು. ಕಾರು ಗಟ್ಟಿಯಿದ್ದರೆ ಸಾಲದು, ಅದರ ಹಿಂದೆ ಜನ ಇರಬೇಕು. ಅಂಬಾಸಿಡರನ್ನು ಐವತ್ತಕ್ಕೂ ಹೆಚ್ಚು ವರ್ಷ, 2014ರವರೆಗೆ, ಉಳಿಸಿದ್ದು ಪ್ರತಿ ತಾಲ್ಲೂಕಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಪಾನಾ, ಒಂದು ಸುತ್ತಿಗೆ ಹಿಡಿದು ಅದನ್ನು ಎಬ್ಬಿಸುತ್ತಿದ್ದ ಮೇಸ್ತ್ರಿಗಳು.

ಇನ್ನು ಅತ್ತಿಗೆಯ ಪ್ರಶ್ನೆ. ಎರಡು ಸೀಟಿನ ಕಾರು ಸಂಸಾರಕ್ಕೆ ಒದಗುವುದಿಲ್ಲ, ಒಪ್ಪಿದೆ. ಬೆಂಗಳೂರಿನ ಸಿಪಾನಿ ಕಂಪನಿ 1982ರ ಹೊತ್ತಿಗೆ ಡಾಲ್ಫಿನ್ ಎಂಬ ಎರಡು ಬಾಗಿಲಿನ ಫೈಬರ್ ಗ್ಲಾಸ್ ಕಾರು ಮಾಡಿತ್ತು. 848 ಸಿಸಿ ಇಂಜಿನ್, ಹಗುರ ಮೈ, ಹಿಂದಿನ ಚಕ್ರಕ್ಕೆ ಶಕ್ತಿ; ರ‍್ಯಾಲಿ ಓಡಿಸುವವರು ಅದನ್ನು ಹುಡುಕಿಕೊಂಡು ಹೋಗುತ್ತಿದ್ದರು. ಸಂಸಾರಸ್ಥರು ನಾಲ್ಕು ಬಾಗಿಲು ಕೇಳಿದರು, ಅಷ್ಟರಲ್ಲಿ ಮಾರುತಿ ಬಂತು. ಆಮೇಲೆ ಬೆಂಗಳೂರಿನದೇ ಸ್ಯಾನ್ ಮೋಟಾರ್ಸ್, ಸ್ಟಾರ್ಮ್ ಎಂಬ ಟಾಪು ತೆರೆಯುವ ಎರಡು ಸೀಟಿನ ಕಾರು ಮಾಡಿತು, ರೆನೋ ಇಂಜಿನ್ ಹಾಕಿ. ಅದನ್ನೂ ಕೊಂಡವರು ಕಡಿಮೆ. ನಮ್ಮ ನಾಡಿಗೆ ಸ್ಪೋರ್ಟ್ಸ್ ಕಾರು ಮಾಡುವ ಕೈ ಇತ್ತು, ಒಬ್ಬನ ಖುಷಿಗೆ ಒಂದು ಕಾರು ಎಂಬುದನ್ನು ಒಪ್ಪುವ ಮನಸ್ಸು ಇನ್ನೂ ಬಂದಿರಲಿಲ್ಲ.

ದೊಡ್ಡಪ್ಪನಿಗೆ ಗಾಡಿ ಓಡಿಸುವುದೆಂದರೆ ಜೀವ. ಆದರೆ ಆಸ್ಪತ್ರೆಯೋ ಮಾರುಕಟ್ಟೆಯೋ ಮದುವೆಯೋ ಇಲ್ಲದೆ ಒಂದು ದಿನವೂ ಬೀಗದ ಕೈ ತೆಗೆದದ್ದಿಲ್ಲ. ಸುಮ್ಮನೆ ಓಡಿಸಿಕೊಂಡು ಬರುತ್ತೇನೆ ಎನ್ನಲು ಆ ಹಿರಿಯ ಜೀವಕ್ಕೆ ಮನೆಯವರೆದುರು ಬಾಯಿ ಬರಲಿಲ್ಲ. ಈ ಹುಡುಗನಿಗೆ ಬಾಯಿ ಬಂದಿದೆ, ಅದಕ್ಕೆ ನಾನು ಅವನ ಕಡೆ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ದಾರಿಯಲ್ಲಿ, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಗೆ ಹೋಗುವ ಹೊಸ ವರ್ತುಲ ರಸ್ತೆಯಲ್ಲಿ ಬೆಂಗಳೂರಿನ ಕೆಂಪು, ಹಳದಿ ಕಾರುಗಳು ಸಾಲಾಗಿ ಹಾದುಹೋಗುತ್ತವೆ. ನಮ್ಮ ಹುಡುಗರು ಬೈಕ್ ನಿಲ್ಲಿಸಿ ಫೋಟೋ ಹಿಡಿಯುತ್ತಾರೆ. ಆ ರಸ್ತೆಗೆ ಹೊಲ ಬಿಟ್ಟುಕೊಟ್ಟವರ ಮಕ್ಕಳು ಫೋಟೋ ಹಿಡಿಯುವ ಜಾಗದಲ್ಲೇ ಯಾಕೆ ನಿಲ್ಲಬೇಕು?

ಹಾಗೆಂದು ಕಣ್ಣು ಮುಚ್ಚಿಕೊಂಡು ಕೊಳ್ಳು ಎಂದಿಲ್ಲ. ಹಂಪಿನ ಲೆಕ್ಕ ಮೊದಲು ಹೇಳಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, ದುಂಡಗೆ ಏರಿ ಇಳಿಯಬೇಕು. ಹಳ್ಳಿಯ ದಾರಿಯಲ್ಲಿ ಅದು ಹಾಗಿರುವುದಿಲ್ಲ. ಎತ್ತರ ಜಾಸ್ತಿ, ಅಗಲ ಒಂದು ಮೊಳ. ಹೊಟ್ಟೆ ನೆಲಕ್ಕೆ ಹತ್ತಿರವಿರುವ ಕಾರು ಅಡ್ಡಡ್ಡ ದಾಟಬೇಕು, ಆಗಲೂ ತಳ ಉಜ್ಜಬಹುದು. ನೋಡಲು ಹೋಗುವ ದಿನ ಟೇಪು ಹಿಡಿದುಕೊಂಡು ಹೋಗು ಎಂದೆ.

ಎರಡನೆಯದು ನಂಬರ್ ಪ್ಲೇಟು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಇದನ್ನು ತಪ್ಪಿಸಲು ದುಬಾರಿ ಕಾರಿನವರು ಹೊರರಾಜ್ಯದ ನಂಬರ್ ಹಾಕಿಸುವುದು ಬೆಂಗಳೂರಿನಲ್ಲಿ ಹಳೆಯ ಚಾಳಿ. 2025ರಲ್ಲಿ ಸಾರಿಗೆ ಇಲಾಖೆ ಬಿಗಿ ಹಿಡಿಯಿತು. ಆ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಫೆರಾರಿಯಿಂದ ಸುಮಾರು 1.41 ಕೋಟಿ ರೂಪಾಯಿ ಕಟ್ಟಿಸಿಕೊಂಡಿತು. ಅಗ್ಗ ಎಂದು ಬೇರೆ ರಾಜ್ಯದ ಗಾಡಿ ತಂದರೆ ಉಳಿಸಿದ್ದೆಲ್ಲ ತೆರಿಗೆಗೆ ಹೋಗುತ್ತದೆ. ಕೆಎ ನಂಬರೇ ಇರಲಿ, ತೆರಿಗೆ ಕಟ್ಟಿದ ದಾಖಲೆ ಕೈಯಲ್ಲಿರಲಿ.

ಮೂರನೆಯದನ್ನು ಷರತ್ತು ಎಂದೇ ಹೇಳಿದೆ: ಕಾರಿಗೆ ಮುಸುಕು ಹಾಕಿ ಶೆಡ್ಡಿನಲ್ಲಿ ನಿಲ್ಲಿಸಕೂಡದು. ಈ ಜಾತಿಯ ಕಾರು ಕೆಡುವುದು ಓಡಿದ್ದಕ್ಕಿಂತ ನಿಂತದ್ದರಿಂದ. ಬ್ಯಾಟರಿ ಇಳಿಯುತ್ತದೆ, ಟೈರು ನಿಂತ ಕಡೆ ಚಪ್ಪಟೆಯಾಗುತ್ತದೆ, ಪೆಟ್ರೋಲ್ ಹಳಸುತ್ತದೆ, ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ. ಹಳ್ಳಿಯ ಶೆಡ್ಡಿನಲ್ಲಿ ಇಲಿಯ ಕಾಟ ಬೇರೆ. ರಾಗಿ ಮೂಟೆಗೆ ಬಂದದ್ದು ವೈರ್ ಕಡಿದು ಹೋಗುತ್ತದೆ, ವೈರಿಂಗ್ ತುಂಬಿದ ಈಗಿನ ಕಾರಿನಲ್ಲಿ ಎಲ್ಲಿ ಕಡಿದಿದೆ ಎಂದು ಹುಡುಕುವುದೇ ದೊಡ್ಡ ಖರ್ಚು. ದಿನಾ ಅದರಲ್ಲೇ ವರ್ಕ್‌ಶಾಪಿಗೆ ಹೋಗಿ ಬಾ, ಮಳೆಯಲ್ಲೂ ಹೋಗು ಎಂದೆ. ಒಪ್ಪಿಕೊಂಡಿದ್ದಾನೆ.

ಅಣ್ಣ ಈಗ ಅರ್ಧ ದಾರಿಗೆ ಬಂದಿದ್ದಾನೆ. ಕಾರು ನೋಡಲು ತಾನೂ ಬರುತ್ತಾನಂತೆ, ಜೊತೆಗೆ ಮ್ಯಾಸಿಯ ಮೇಸ್ತ್ರಿಯನ್ನೂ ಕರೆದುಕೊಂಡು ಬರುತ್ತಾನಂತೆ. ಇಂಜಿನ್ ಹಿಂದುಗಡೆ ಇದೆ ಎಂದು ಹುಡುಗ ಹೇಳಿದಾಗ ಮೇಸ್ತ್ರಿ ಸ್ವಲ್ಪ ಹೊತ್ತು ಯೋಚಿಸಿ, "ಆಯಿಲ್ ಫಿಲ್ಟರ್‌ಗೆ ಕೈ ಹೋಗ್ತದಾ, ಇಲ್ಲಾ ಅದಕ್ಕೂ ಇಂಜಿನ್ ಇಳಿಸ್ಬೇಕಾ?" ಎಂದು ಕೇಳಿದ. ಅತ್ತಿಗೆಯೂ ಒಂದು ಮಾತು ಸೇರಿಸಿದ್ದಾರೆ. ಪೂಜೆ ಘಾಟಿ ಸುಬ್ರಹ್ಮಣ್ಯದಲ್ಲೇ ಆಗಬೇಕು, ಆ ದಿನ ಎರಡನೇ ಸೀಟು ತನ್ನದು, ಮಿಕ್ಕವರು ಕ್ವಾಲಿಸಿನಲ್ಲಿ ಹಿಂದೆ ಬರಲಿ ಎಂದು.